ಸಾಮಾನು ಇಳಿಸುವ ಹೊತ್ತು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಕೊಪ್ಪಳದಲ್ಲಿ ಬಾಡಿಗೆ ಮನೆ ಹುಡುಕಿದವರಲ್ಲ. ಹುಡುಕಿದ್ದರೆ ಗಾದೆಗೆ ಇನ್ನೊಂದು ಸಾಲು ಸೇರಿಸಿಯೇ ಕಣ್ಣು ಮುಚ್ಚುತ್ತಿದ್ದರು.

ಹುಲಿಹೈದರದ ಹೊನ್ನೂರಪ್ಪ ಕೊಪ್ಪಳದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಬಸ್ಸು ಹತ್ತಿ ಬರುವುದು ಅವನಿಗೆ ರೂಢಿಯಾಗಿತ್ತು. ಆದರೆ ಹೆಂಡತಿ ಹೇಮಾ ಮತ್ತೆ ಬಸುರಿಯಾಗಿದ್ದಳು. ಮೊದಲ ಸಲ ಊರಿಂದ ದವಾಖಾನೆ ಮುಟ್ಟುವಷ್ಟರಲ್ಲಿ ದಾರಿಯಲ್ಲೇ ಕೂಸು ಹೋಗಿತ್ತು. ಈ ಸಲ ಏಳು ತಿಂಗಳು ತುಂಬುತ್ತಲೇ ಬಿ.ಪಿ. ಏರಿತು. ಡಾಕ್ಟರಮ್ಮ ಗದರಿದಳು: "ದೊಡ್ಡ ದವಾಖಾನಿ ಹತ್ರ ಮನಿ ಮಾಡ್ರಿ. ಈ ಸಲಾನೂ ಏನರ ಆದ್ರ ನನ್ನ ಮುಂದ ಅಳಾಕ ಬರಬ್ಯಾಡ್ರಿ." ಅವತ್ತಿನಿಂದ ಹೊನ್ನೂರಪ್ಪ ಮನೆ ಹುಡುಕತೊಡಗಿದ.

ನಾಲ್ಕು ಕಡೆ ಮನೆಯೂ ಒಪ್ಪಿಗೆಯಾಯಿತು, ಬಾಡಿಗೆಯೂ ಒಪ್ಪಿಗೆಯಾಯಿತು, ಆಮೇಲೆ ಆ ಪ್ರಶ್ನೆ ಬಂತು. ಈಗ ಯಾರೂ ಮುಖಕ್ಕೆ ಮುಖ ಕೊಟ್ಟು ಜಾತಿ ಕೇಳುವುದಿಲ್ಲ, ಅದು ಹಳೆಯ ಕಾಲದ ಒರಟುತನ. ಈಗಿನವರು ನಾಜೂಕು. ಊಟ ಏನೆಂದು ಕೇಳುತ್ತಾರೆ. ಹೊನ್ನೂರಪ್ಪ ನಾಲ್ಕು ಕಡೆಯೂ ಖರೆ ಹೇಳಿದ. ನಾಲ್ಕು ಕಡೆಯೂ ಮನೆಯ ಯಜಮಾನರಿಗೆ ಇದ್ದಕ್ಕಿದ್ದಂತೆ ಬೆಂಗಳೂರಿನಿಂದ ಬರುವ ತಂಗಿಯೋ ಅಳಿಯನೋ ನೆನಪಾದರು.

ಐದನೆಯ ಮನೆ ಕೋಟೆ ಕಡೆಯ ಓಣಿಯಲ್ಲಿತ್ತು, ದವಾಖಾನೆಗೆ ಹತ್ತಿರ. ಒಡತಿ ಶರಣಬಸಮ್ಮ ಮುಂದಿನ ಭಾಗದಲ್ಲಿ ಒಬ್ಬಳೇ ಇದ್ದಳು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಕೆಟ್ಟವಳಲ್ಲ.

"ಬಸರ ಹೆಂಗಸು ಅಂತೀರಿ, ನನ್ನ ಮಗಳಂಗ ನೋಡ್ಕೊಂತೀನಿ. ಮನ್ಯಾಗ ಹಿರೇರು ಯಾರದಾರ?"

"ನಮ್ಮವ್ವ ಅದಾಳ್ರಿ. ಬಾಣಂತನ ಮಾಡಾಕ ಆಕೀನೂ ಬರ್ತಾಳ."

"ಛಲೋ ಆತು. ಮತ್ತ... ನೀವು ಮಾಂಸ-ಮಡ್ಡಿ ತಿನ್ನೋ ಮಂದಿ ಅಲ್ಲಲ್ಲ?"

ಹೊನ್ನೂರಪ್ಪನ ಕಣ್ಣಿಗೆ ಆ ದಾರಿ ಕಟ್ಟಿತು, ಆ ಸಲದ ಜೀಪು ಕಟ್ಟಿತು, ಹೇಮಾಳ ಮಡಿಲಲ್ಲಿದ್ದ ಬಟ್ಟೆಯ ಗಂಟು ಕಟ್ಟಿತು. "ಛೆ ಛೆ, ಎಲ್ಲೀದು ಬಿಡ್ರಿ ಅವ್ವಾರ. ನಮ್ಮಲ್ಲಿ ಮೊಟ್ಟಿ ಸೈತ ಮುಟ್ಟಂಗಿಲ್ಲ" ಅಂದುಬಿಟ್ಟ. ಬಾಯಿಂದ ಬಿದ್ದದ್ದು ನೆಲಕ್ಕೆ ಬಿತ್ತು, ಇನ್ನು ಎತ್ತಿಕೊಳ್ಳುವ ಹಾಗಿರಲಿಲ್ಲ.

ಸುಳ್ಳು ಹೇಳುವುದು ಸುಲಭ, ಅದಕ್ಕೆ ತಕ್ಕ ಸಾಮಾನು ಹೊಂದಿಸುವುದು ಕಷ್ಟ. ಮನೆ ಬದಲಿಸುವುದೆಂದರೆ ಗುಟ್ಟಾಗಿಟ್ಟುಕೊಂಡ ಸಂಸಾರವನ್ನೆಲ್ಲ ನಡುಬೀದಿಯಲ್ಲಿ ಹರಡಿದ ಹಾಗೆ. ಕಟ್ಟೆಗೆ ಕೂತ ಹೆಂಗಸರು ಒಂದೊಂದು ಪಾತ್ರೆ ಇಳಿದಂತೆ ಇವರು ಯಾರು, ಎತ್ತ ಎಂದು ಓದಿಬಿಡುತ್ತಾರೆ. ಅದಕ್ಕೇ ಹೊನ್ನೂರಪ್ಪ ಚಿಕ್ಕಂದಿನ ಗೆಳೆಯ ಗಾಳೇಶನ ಮನೆ ಕಟ್ಟೆಯ ಮೇಲೆ ಕೂತು ಯುದ್ಧಕ್ಕೆ ಹೊರಟವನ ಹಾಗೆ ಯೋಜನೆ ಹಾಕಿದ. ಗಾಳೇಶ ಒಕ್ಕಲುತನದವನು, ಎತ್ತಿನಂಥ ಮೈ, ಆದರೆ ಬಾಯಿಗೆ ಮಾತ್ರ ಮೂಗುದಾರ ಇಲ್ಲ.

"ಮೊದಲ ದೇವರ ಫೋಟೋ ಇಳಿಸಬೇಕು. ಆಮ್ಯಾಲ ಹಾಸಿಗಿ, ಅಲ್ಮಾರಿ. ಬಾಡಿನ ದೊಡ್ಡ ಬೋಗುಣಿ ನಿಮ್ಮ ಮನ್ಯಾಗ ಇರ್ಲಿ. ಕತ್ತೀನೂ ಇಲ್ಲೇ ಇರ್ಲಿ" ಅಂದ ಹೊನ್ನೂರಪ್ಪ.

"ಕತ್ತಿ ಎದಕ್ಕ ಬಿಡ್ತೀಲೇ? ಕುಂಬಳಕಾಯಿ ಹೆಚ್ಚಾಕ ಅಂದ್ರಾತು."

"ನೀ ಅಲ್ಲಿ ಬಾಯಿ ಬಿಡಬ್ಯಾಡ ನೋಡು. ಯಾರು ಏನ ಕೇಳಿದ್ರೂ ಹೂಂ ಅನ್ನು, ಮುಗೀತು."

ಗಾಳೇಶ ನಕ್ಕ. ಆ ನಗು ಹೊನ್ನೂರಪ್ಪನಿಗೆ ಸರಿಬರಲಿಲ್ಲ. ಯಾಕೆ ನಕ್ಕ? ಇವನಿಗೆ ನೌಕರಿ ಬಂದಾಗಿನಿಂದ ಗಾಳೇಶನಿಗೆ ಒಳಗೊಳಗೆ ಹೊಟ್ಟೆಕಿಚ್ಚಿದೆಯೋ ಏನೋ. ಕೂಲಿ ಬೇಡ, ಊಟ ಹಾಕಿದರೆ ಸಾಕು ಅಂದಿದ್ದಾನೆ. ಪುಕ್ಕಟೆ ದುಡಿಯುವವನ ಮನಸ್ಸಿನಲ್ಲಿ ಏನಿರುತ್ತದೆ ಎಂದು ಯಾರು ಕಂಡಿದ್ದಾರೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಪಾಡು ಇದು. ಹೊನ್ನೂರಪ್ಪ ತನ್ನ ಹೆಗಲು ಬಿಟ್ಟು ಊರವರ ಹೆಗಲನ್ನೆಲ್ಲ ಮುಟ್ಟಿ ನೋಡತೊಡಗಿದ.

ಲಾರಿ ಗಂಗಾವತಿಯ ಡ್ರೈವರ್ ಅಕ್ರಮನದು. ಅಕ್ಕಿ ಗಿರಣಿಗಳ ಚೀಲ ಹೊರುವ ಲಾರಿ, ಒಳಗೆಲ್ಲ ತೌಡಿನ ಧೂಳು. ಬಾಡಿಗೆ ಮಾತಾಡುವಾಗ ಅಕ್ರಮ ಯಾವ ಓಣಿ ಎಂದು ಕೇಳಿ, "ಓ, ಶರಣಬಸಮ್ಮಾರ ಮನೀನಾ? ಆ ಓಣಿಗೆ ಎಷ್ಟು ಸಲ ಅಕ್ಕಿ ಇಳಿಸೀನ್ರಿ ಸಾಹೇಬ್ರ" ಅಂದ. ಇವನು ಒಡತಿಯ ಮುಂದೆ ಏನಾದರೂ ಬಾಯಿಬಿಟ್ಟರೆ? ಬೇರೆ ಲಾರಿ ನೋಡೋಣವೆಂದರೆ ಅದು ಇನ್ನೊಂದು ಅನುಮಾನಕ್ಕೆ ದಾರಿ.

ಇನ್ನು ಅವನ ತಾಯಿ ಹುಲಗೆಮ್ಮ. ಗಂಡ ತೀರಿದ ಮೇಲೆ ಕಾಲುವೆ ಸೀಮೆಯಲ್ಲಿ ಭತ್ತದ ನಾಟಿ ಮಾಡುತ್ತ, ಕೆಸರಿನಲ್ಲಿ ಕಾಲು ಕೊಳೆಸಿಕೊಂಡು ಮಗನನ್ನು ಓದಿಸಿದವಳು. ಅವಳಿಗೆ ಮಗ ಎಲ್ಲವನ್ನೂ ಬಿಡಿಸಿ ಹೇಳಿದ್ದ. ಕೋಳಿಗಳನ್ನೆಲ್ಲ ಕೊಟ್ಟುಬಿಡು ಅಂದಿದ್ದ.

"ಎಲ್ಲಾ ಕೊಟ್ಟೇನಬೇ?"

"ಬಾಜೂಮನಿ ಹಜರತಬೀಗೆ ಕೊಟ್ನೆಪಾ" ಅಂದಳು ಹುಲಗೆಮ್ಮ, ಮಗನ ಕಡೆ ನೋಡದೆ ಸೆರಗು ಸರಿಮಾಡಿಕೊಳ್ಳುತ್ತ. ಮಗ ಲೋಕವನ್ನೆಲ್ಲ ಅನುಮಾನಿಸಿದನೇ ಹೊರತು ತಾಯಿಯನ್ನು ಅನುಮಾನಿಸಲಿಲ್ಲ.

ಬೆಳಿಗ್ಗೆ ಸಾಮಾನು ಹೇರಿದರು. ಹೇಮಾ, ಹೊನ್ನೂರಪ್ಪ ಮುಂದೆ ಅಕ್ರಮನ ಪಕ್ಕದಲ್ಲಿ ಕೂತರು. ಹುಲಗೆಮ್ಮ ಮತ್ತು ಗಾಳೇಶ ಹಿಂದೆ ಸಾಮಾನಿನ ನಡುವೆ. "ಅವ್ವಾ, ಮುಂದ ಬಾಬೇ" ಎಂದು ಕರೆದರೆ, "ನನಗ ಹಿಂದ ಗಾಳಿ ಛಲೋ ಬರತೈತಿ" ಎಂದು ಹಟ ಹಿಡಿದಳು. ಅದೂ ಅವನಿಗೆ ಯಾಕೋ ವಿಚಿತ್ರ ಅನ್ನಿಸಿತು.

ಗಂಗಾವತಿಯಲ್ಲಿ ಚಹಾಕ್ಕೆ ನಿಂತಾಗ ಅಕ್ರಮ ಅತ್ತ ಸರಿದು ಯಾರೊಂದಿಗೋ ಫೋನಿನಲ್ಲಿ ಮಾತಾಡುತ್ತಿದ್ದ. "ಹೂಂ, ಮನಿ ಸಾಮಾನ ಐತಿ, ಕೊಪ್ಪಳಕ್ಕ" ಎಂಬಷ್ಟು ಕೇಳಿಸಿತು. ಯಾರಿಗೆ ಹೇಳುತ್ತಿದ್ದಾನೆ? ಹೊನ್ನೂರಪ್ಪ ಚಹಾದ ಲೋಟ ಹಿಡಿದು ಲಾರಿಯ ಹಿಂದಕ್ಕೆ ಬಂದರೆ, ಅಲ್ಲಿ ತಾಯಿ ಮತ್ತು ಗಾಳೇಶ ತಲೆಗೆ ತಲೆ ಹಚ್ಚಿ ಪಿಸುಗುಡುತ್ತಿದ್ದರು. ಇವನನ್ನು ಕಂಡೊಡನೆ ಸುಮ್ಮನಾದರು.

"ಏನ್ ಮಾತು ನಡಸೀರಿ?"

"ಏನಿಲ್ಲಲೇ. ಮಳಿ ಬಂದೀತು ಅನ್ನಾಕಹತ್ತಿದ್ವಿ" ಅಂದ ಗಾಳೇಶ. ಆಕಾಶ ತೊಳೆದಿಟ್ಟ ತಾಟಿನ ಹಾಗೆ ಬೆಳ್ಳಗಿತ್ತು.

ಮತ್ತೆ ಲಾರಿ ಹತ್ತಿದ ಮೇಲೆ ಹೇಮಾ ಮೆಲ್ಲಗೆ ಕೇಳಿದಳು: "ಯಾಕ್ರೀ, ಮಾರಿ ಹಂಗ ಮಾಡೀರಿ?"

"ಗಾಳ್ಯಾನ ಮ್ಯಾಲ ನನಗ್ಯಾಕೋ ನಂಬಿಗಿ ಇಲ್ಲ. ಅಲ್ಲಿ ಹೋಗಿ ಏನರ ಒದರತಾನ."

"ಪುಣ್ಯಾತ್ಮ, ನಿನ್ನಿಯಿಂದ ಕತ್ತೆ ದುಡದಂಗ ದುಡ್ಯಾಕಹತ್ಯಾನ. ಅವಂಗ ಅನುಮಾನ ಪಡ್ತೀರಲ್ಲ" ಎಂದು ಹೇಮಾ ಮುಖ ತಿರುಗಿಸಿದಳು. ಅಕ್ರಮ ರಸ್ತೆಯನ್ನೇ ನೋಡುತ್ತ, "ಅನುಮಾನಂ ಪೆದ್ದ ರೋಗಂ ಅಂತಾರ ನಮ್ಮ ಕ್ಯಾಂಪಿನ ತೆಲುಗು ಮಂದಿ. ಅನುಮಾನನ ದೊಡ್ಡ ರೋಗ ಅಂತ" ಅಂದ. ಅವನ ಕಿವಿ ಅಷ್ಟು ಚುರುಕೆಂದು ತಿಳಿದು ಹೊನ್ನೂರಪ್ಪನಿಗೆ ಇನ್ನಷ್ಟು ಅನುಮಾನವಾಯಿತು.

ಕೊಪ್ಪಳದ ಓಣಿಗೆ ಲಾರಿ ತಿರುಗುವುದೇ ತಡ, ನಳದ ಹತ್ತಿರದ ಹೆಂಗಸರು ಕೊಡ ಬಿಟ್ಟು ನಿಂತರು. ಶರಣಬಸಮ್ಮ ಬಾಗಿಲಲ್ಲೇ ಇದ್ದಳು. "ಏನೋ ಅಕ್ರಮಾ, ಇವತ್ತ ಅಕ್ಕಿ ಬಿಟ್ಟು ಮಂದಿ ಹೇರಿಕೊಂಡು ಬಂದೀ?"

"ಭಾಳ ಛಲೋ ಮಂದಿ ಅದಾರ್ರೀ ಅವ್ವಾರ" ಅಂದ ಅಕ್ರಮ. ಕೇಳದೆಯೇ ಯಾಕೆ ಹೇಳಿದ ಎಂದು ಹೊನ್ನೂರಪ್ಪ ಅವನನ್ನು ಕೆಕ್ಕರಿಸಿ ನೋಡಿದ.

ದೇವರ ಫೋಟೋ ಇಳಿಯಿತು. ಹೇಮಾ ಅದನ್ನು ಹಿಡಿದು, ಹಾಲಿನ ಗಿಂಡಿಯೊಂದಿಗೆ ಒಳಗೆ ಹೋದಳು. ಹೊಸ ಮನೆಯಲ್ಲಿ ಮೊದಲು ಹಾಲು ಉಕ್ಕಿಸಬೇಕು, ಅದಕ್ಕೆ ಮನೆಯ ಹಿರಿಯಳ ಕೈ ಬೇಕು. ಹಾಸಿಗೆ ಇಳಿಯಿತು, ಅಲ್ಮಾರಿ ಇಳಿಯಿತು. ಶರಣಬಸಮ್ಮ ಗಾಳೇಶನನ್ನು ಮಾತಿಗೆಳೆದಳು: "ನೀನೂ ಇವರ ಮಂದೀನ ಏನಪ? ಊಟ-ಗೀಟ ಎಲ್ಲಾ ನಮ್ಮಂಗ ಹೌದಲ್ಲ?"

ಗಾಳೇಶ ಅಲ್ಮಾರಿ ಹೊತ್ತೇ ಗೆಳೆಯನ ಕಡೆ ಒಮ್ಮೆ ನೋಡಿ, "ಹೌದ್ರೀ ಅವ್ವಾರ. ನಮ್ಮ ಮನ್ಯಾಗ ಬಳ್ಳೊಳ್ಳಿ ಸೈತ ತಿನ್ನಂಗಿಲ್ರಿ!" ಅಂದ.

"ಬಳ್ಳೊಳ್ಳಿ ನಾವೂ ತಿಂತೀವಲ್ಲೋ" ಎಂದು ಶರಣಬಸಮ್ಮ ಹುಬ್ಬೇರಿಸಿದಳು. ಅಲ್ಲಿಯವರೆಗೆ ಬಾಗಿಲಲ್ಲೇ ಇದ್ದವಳು ಆಮೇಲೆ ಲಾರಿಯ ಹಿಂದಕ್ಕೇ ಬಂದು ನಿಂತಳು. ಒಂದೊಂದು ಸಾಮಾನನ್ನೂ ಮೇಲಿಂದ ಕೆಳಗೆ ನೋಡತೊಡಗಿದಳು.

ಎಲ್ಲ ಇಳಿದ ಮೇಲೆ ಹುಲಗೆಮ್ಮ ಇಳಿದಳು. ಮಾಸಿದ ಸೀರೆ, ಮೈಯೆಲ್ಲ ತೌಡಿನ ಧೂಳು. ಕಂಕುಳಲ್ಲಿ ಹಳೆಯ ಸೀರೆ ಮುಚ್ಚಿದ ಬುಟ್ಟಿ. ಗಾಳೇಶ ಅದನ್ನು ಇಸಿದುಕೊಳ್ಳಲು ಅವಸರದಿಂದ ಕೈ ಚಾಚಿದ. ಬುಟ್ಟಿಯ ಮೇಲಿನ ಬಟ್ಟೆ ಲಾರಿಯ ಕೊಂಡಿಗೆ ಸಿಕ್ಕು ಜಾರಿತು. ಬಿಸಿಲು ಬಿದ್ದದ್ದೇ, ಒಳಗೆ ಕಾವಿಗೆ ಕೂತ ಜವಾರಿ ಕೋಳಿ ಗರಿ ಕೆದರಿ ಸಿಟ್ಟಿನಿಂದ ಕೊರ್ರ್ ಎಂದಿತು. ಅದರ ಹೊಟ್ಟೆಯ ಕೆಳಗೆ ಹೊಟ್ಟಿನ ನಡುವೆ ಮೊಟ್ಟೆಗಳು ಕಂಡವು.

ಮನೆಯಲ್ಲಿ ಬಸುರಿ ಹೆಂಗಸಿರುವಾಗ ಕಾವಿಗೆ ಕೂತ ಕೋಳಿಯನ್ನು ಎಬ್ಬಿಸಬಾರದು ಎಂಬುದು ಹುಲಗೆಮ್ಮನ ನಂಬಿಕೆ. ಮೊದಲ ಸಲದ ಕೂಸು ಹೋದ ಮೇಲೆ ಆ ನಂಬಿಕೆ ಭಯವಾಗಿ ಬೆಳೆದಿತ್ತು. ಉಳಿದ ಕೋಳಿಗಳನ್ನು ಕೊಟ್ಟಿದ್ದಳು, ಇದೊಂದನ್ನು ಕೊಡಲು ಕೈ ಬರಲಿಲ್ಲ. ಮರಿ ಒಡೆದ ದಿನವೇ ಊರಿಗೆ ಒಯ್ಯುವುದೆಂದು ಗಾಳೇಶ ಮಾತು ಕೊಟ್ಟಿದ್ದ. ಗಂಗಾವತಿಯ ಪಿಸುಮಾತು ಇದೇ ಆಗಿತ್ತು.

"ಏನಿದು! ಕೋಳಿ! ಯಾರೀಕಿ?" ಎಂದಳು ಶರಣಬಸಮ್ಮ.

ನಳದ ಹತ್ತಿರದ ಹೆಂಗಸರು ಇತ್ತ ಸರಿದರು. ಗಾಳೇಶ ಬಾಯಿ ಬಿಡಲಿಲ್ಲ. ಅಕ್ರಮ ಬಾಯಿ ಬಿಡಲಿಲ್ಲ.

"ಕೂಲಿ ಆಕಿ ರೀ" ಅಂದ ಹೊನ್ನೂರಪ್ಪ. "ಸಾಮಾನ ಇಳಸಾಕ ಕರಕೊಂಡು ಬಂದಿದ್ವಿ."

ತನ್ನ ದನಿ ತನಗೇ ಬೇರೆಯವರದ್ದೆಂಬಂತೆ ಕೇಳಿಸಿತು.

"ಮತ್ತ ನಿಮ್ಮ ತಾಯಾರು ಎಲ್ಲಿ?"

"ಅವರು... ಊರಾಗ ಉಳದ್ರು. ಬರಂಗಿಲ್ರಿ."

ಗಾಳೇಶ ಒಂದು ಹೆಜ್ಜೆ ಮುಂದಿಟ್ಟ. ಅವನು ಮಾತು ಎತ್ತುವ ಮೊದಲೇ ಹುಲಗೆಮ್ಮ ಅವನ ಮುಂದೆ ಬಂದು ನಿಂತಳು.

"ಹೌದ್ರೀ ಅವ್ವಾರ, ಕೂಲಿಗೆ ಬಂದಾಕಿ ನಾನು. ಕೋಳಿ ನಂದ ರೀ. ಮನ್ಯಾಗ ನೋಡವರಿಲ್ಲಂತ ಸಂಗಾಟ ತಂದಿದ್ನಿ. ಈಗ ಒಯ್ತೀನಿ, ನಿಮ್ಮ ಅಂಗಳ ಮೆಟ್ಟಿಲ್ಲ."

ಶರಣಬಸಮ್ಮನ ಮುಖ ಸಡಿಲವಾಯಿತು. "ಹೋಗ್ಲಿ ಬಿಡು, ನಿನಗೇನ ಗೊತ್ತು ಪಾಪ. ತಮ್ಮಾ, ಮುದುಕಿಗೆ ಕೂಲಿ ಕೊಟ್ಟು ಕಳಿಸು. ಬಿಸಲಾಗ ನಿಂದ್ರಸಬ್ಯಾಡ."

ಎಲ್ಲರೂ ನೋಡುತ್ತಿದ್ದರು. ಹೊನ್ನೂರಪ್ಪ ಕಿಸೆಗೆ ಕೈ ಹಾಕಿ ಒಂದು ನೋಟು ತೆಗೆದ. ತಾಯಿ ಎರಡೂ ಕೈ ಒಡ್ಡಿ ಅದನ್ನು ತೆಗೆದುಕೊಂಡು, ಗದ್ದೆಯ ಬದುವಿನಲ್ಲಿ ಯಜಮಾನರ ಮುಂದೆ ಎಷ್ಟೋ ವರ್ಷ ಮಾಡಿದ ಹಾಗೆಯೇ ಕಣ್ಣಿಗೆ ಒತ್ತಿಕೊಂಡಳು.

"ದೇವರು ನಿಮ್ಮನ್ನ ಛಲೋ ಇಟ್ಟಿರ್ಲಿ ಸಾಹೇಬ್ರ" ಅಂದಳು. ಶರಣಬಸಮ್ಮನ ಕಡೆ ತಿರುಗಿ, "ಒಳಗಿನ ಆ ಬಸರ ಹುಡಿಗಿ ಭಾರ ಎತ್ತದಂಗ ನೋಡ್ಕೊಳ್ರೀ ಅವ್ವಾರ. ಆಕಿಗೆ ತಾಯಿ ಇಲ್ಲಂತ" ಎಂದು ಸೇರಿಸಿದಳು.

ಅಕ್ರಮ ಕೆಳಗಿಳಿದು ಬಂದು ಬುಟ್ಟಿಯನ್ನು ಎರಡು ಕೈಯಿಂದ ಎತ್ತಿಕೊಟ್ಟ. ಗಾಳೇಶ ಅವಳನ್ನು ಹಿಂದೆ ಹತ್ತಿಸಿ ತಾನೂ ಹತ್ತಿದ. ಬೆಳಗಿನಿಂದ ಯಾರ್ಯಾರ ಬಾಯಿಗೆ ಹೆದರಿದ್ದನೋ ಅವರೆಲ್ಲ ಬಾಯಿ ಮುಚ್ಚಿಕೊಂಡೇ ಇದ್ದರು. ಹೊನ್ನೂರಪ್ಪನಿಗೆ ಅದು ಆಗ ಹೊಳೆಯಿತು.

ಹೇಮಾ ಹೊಸ್ತಿಲಲ್ಲಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಅತ್ತೆಯನ್ನು ಹಾಲು ಉಕ್ಕಿಸಲು ಕರೆಯಲು ಬಂದವಳು, ಗಿಂಡಿಯನ್ನು ಹೊಸ್ತಿಲ ಮೇಲೆ ಇಟ್ಟು ಅದರ ಪಕ್ಕದಲ್ಲೇ ನೆಲಕ್ಕೆ ಕೂತಳು. ಗಂಡನ ಮುಖವನ್ನು ನೋಡಲಿಲ್ಲ.

"ತಗೋ ತಮ್ಮಾ" ಎಂದು ಶರಣಬಸಮ್ಮ ಅವನ ಕೈಗೆ ಮನೆಯ ಕೀಲಿ ಇಟ್ಟಳು. ಲಾರಿ ಹಿಂದೆ ಸರಿದು, ಓಣಿಯ ತಿರುವಿನಲ್ಲಿ ಮೂತಿ ತಿರುಗಿಸಿತು. ಹೊನ್ನೂರಪ್ಪನಿಗೆ ತಡೆಯಲಾಗಲಿಲ್ಲ. ಹೆಂಡತಿ, ಮನೆ, ದವಾಖಾನೆ ಎಲ್ಲ ಮರೆತು, ಸಾಲೆಯ ಹುಡುಗನಾಗಿದ್ದಾಗ ಗದ್ದೆಯ ಬದುವಿನಲ್ಲಿ ನಿಂತು ಕೂಗುತ್ತಿದ್ದ ಹಾಗೆ ಗಂಟಲು ಹರಿಯುವಂತೆ ಕೂಗಿದ:

"ಯವ್ವಾ! ನಿಂದ್ರಬೇ! ಯವ್ವಾ!"

ನಳದ ಹತ್ತಿರದ ಹೆಂಗಸರೆಲ್ಲ ತಿರುಗಿದರು. ಶರಣಬಸಮ್ಮ ತಿರುಗಿದಳು. ಲಾರಿಯ ಮೇಲೆ ಗಾಳೇಶನೂ ತಿರುಗಿದ. ಹುಲಗೆಮ್ಮ ಒಬ್ಬಳು, ಅದು ಯಾರನ್ನೋ ಕರೆದದ್ದೆಂಬಂತೆ, ಸೆರಗನ್ನು ಬುಟ್ಟಿಯ ಮೇಲೆ ಎಳೆದುಕೊಂಡು ಬೆನ್ನು ಮಾಡಿಯೇ ಕೂತಿದ್ದಳು.