ಕ್ಲೆಮ್ ಎತ್ತದ ಬೆರಳು

೧

“ಎಡಕ್ಕೆ. ನಿನ್ನ ಎಡ ಅಲ್ಲ ಕಣೇ, ವ್ಯಾನಿನ ಎಡ” ಎಂದು ಕ್ಲೆಮ್ ಕೂಗುವುದಕ್ಕೂ ಕ್ಯಾರವಾನಿನ ಹಿಂಬದಿ ಗಿಡ್ಡ ಕಂಬಕ್ಕೆ ಗುದ್ದುವುದಕ್ಕೂ ಸರಿಹೋಯಿತು.

ಕಂಬ ನಡುಗಿತು. ನೆರಿಡಾ ಬ್ರೇಕ್ ಒತ್ತಿ ಪಕ್ಕದ ಕನ್ನಡಿಯಲ್ಲಿ ಗಂಡನನ್ನು ನೋಡಿದಳು. ಎರಡೂ ಕೈ ಚಾಚಿ ನಿಂತಿದ್ದಾನೆ; ಆದರೆ ಮುಖ ಕಂಬದತ್ತ ಇಲ್ಲ, ಬೇಲಿಯತ್ತ ಇದೆ. ಮೈದಾನ ನೋಡಿಕೊಳ್ಳುವ ಲಿಂಡ್ಸೇ ಬೆಂಚಿನ ಮೇಲೆ ಕೂತು ಫ್ಲಾಸ್ಕಿನಿಂದ ಟೀ ಬಗ್ಗಿಸಿಕೊಳ್ಳುತ್ತಿದ್ದ. “ಗಿಡ್ಡ ಕಂಬಕ್ಕೆ ತಾಗಿದ್ರೆ ಸೊನ್ನೆ ಡ್ರೈವರಮ್ಮ, ಒಂದು ಪಾಯಿಂಟೂ ಇಲ್ಲ” ಎಂದ, ಟೀ ಚೆಲ್ಲದ ಹಾಗೆ.

(ಹೀಗೆ ಶುರು ಮಾಡಬಹುದೇ? ಅರವತ್ತೇಳರ ಹೆಂಗಸೊಬ್ಬಳು ಊರಿನ ಫುಟ್‌ಬಾಲ್ ಮೈದಾನದಲ್ಲಿ ಗಾಡಿಗೆ ಕೊಂಡಿ ಹಾಕಿ ಎಳೆಯುವ ಇಪ್ಪತ್ತು ಅಡಿಯ ಮನೆಗಾಡಿಯನ್ನು, ಅಂದರೆ ಕ್ಯಾರವಾನನ್ನು, ಹಿಂದಕ್ಕೆ ಯಾಕೆ ದೂಡುತ್ತಿದ್ದಾಳೆ ಎಂದು ನೀವು ಕೇಳುವಷ್ಟರಲ್ಲಿ ಕಂಬ ಬಿದ್ದುಬಿಟ್ಟರೆ ಕಥೆಯೂ ಅದರ ಜೊತೆ ಬೀಳುತ್ತದೆ. ಆದ್ದರಿಂದ ಕಂಬವನ್ನು ಹಾಗೇ ನಡುಗಲು ಬಿಟ್ಟು, ಇನ್ನೊಂದು ಸಲ.)

೧, ಇನ್ನೊಂದು ಸಲ

ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದೆ. ಮೂರು ಮೂಲೆಗೆ ಸಾಸ್ ಬಾಟಲಿ, ಸಕ್ಕರೆ ಡಬ್ಬಿ, ಟಾರ್ಚು. ನಾಲ್ಕನೆಯದಕ್ಕೆ ಕ್ಲೆಮ್‌ನ ಮೊಣಕೈ. ಊರಿನಿಂದ ಉತ್ತರಕ್ಕೆ, ಡಾಂಬರು ಮುಗಿಯುವಲ್ಲಿ ಒಂದು ಚುಕ್ಕೆಗೆರೆ ಶುರುವಾಗುತ್ತದೆ. ಅದು ಹ್ಯಾರಪ್ ದಾರಿ. ಐನೂರ ಎಂಬತ್ತು ಕಿಲೋಮೀಟರ್ ಕೆಂಪು ಮಣ್ಣು, ನಡುವೆ ಒಂದೇ ಒಂದು ದನದ ಫಾರಮ್ಮು. ಉಳಿದಂತೆ ತಗಡಿನ ಶೀಟು ಹಾಸಿದ ಹಾಗೆ ಅಡ್ಡಡ್ಡ ಏಣು ಬಿದ್ದ ನೆಲ.

ಈ ದಾರಿಗೆ ಕ್ಲೆಮ್ ಹನ್ನೊಂದು ವರ್ಷದಿಂದ ಯೋಜನೆ ಹಾಕುತ್ತಿದ್ದಾನೆ. ಅದಕ್ಕೊಂದು ನೋಟ್‌ಬುಕ್ ಇದೆ. ಅದರಿಂದ ಕೆಲವು ಸಾಲು:

ಸ್ಟೆಪ್ನಿ ಎರಡು. ಒಂದು ಸಾಕು ಅನ್ನುವವರ ಮಾತು ಕೇಳಬೇಡ.

ಡಾಂಬರು ಮುಗಿದ ಕಡೆ ಟಯರಿನ ಗಾಳಿ ನಲವತ್ತರಿಂದ ಇಪ್ಪತ್ತೆಂಟಕ್ಕೆ ಇಳಿಸು. ಆಮೇಲೆ ಟೀ ಕುಡಿ. ಮೊದಲು ಗಾಳಿ.

ಮೊಟ್ಟೆಯನ್ನು ಮನೆಯಲ್ಲೇ ಒಡೆದು ಬಾಟಲಿಗೆ ತುಂಬಿಕೋ. ಹೇಗೂ ಒಡೆಯುತ್ತದೆ.

ಪ್ರತಿ ಜೂನಿನಲ್ಲಿ ನೆರಿಡಾ ದಾರಿಗೆಂದು ಒಣಹಣ್ಣಿನ ಕೇಕ್ ಮಾಡುತ್ತಾಳೆ. ಪ್ರತಿ ಜುಲೈನಲ್ಲಿ ಇಬ್ಬರೂ ಅದನ್ನು ಮನೆಯಲ್ಲೇ ಕೂತು ತಿನ್ನುತ್ತಾರೆ. ಒಂದು ವರ್ಷ ವ್ಯಾನಿನ ಸ್ಪ್ರಿಂಗು ಸರಿಯಿಲ್ಲ, ಇನ್ನೊಂದು ವರ್ಷ ಬ್ಯಾಟರಿ. ಹೋಗುವುದಕ್ಕಿಂತ ಹೊರಡುವುದೇ ಕ್ಲೆಮ್‌ಗೆ ಇಷ್ಟ ಎಂದು ಅವಳು ಎಂದೋ ತೀರ್ಮಾನಿಸಿದ್ದಳು. ಅದರ ಬಗ್ಗೆ ದೂರೂ ಇರಲಿಲ್ಲ, ಕೇಕ್ ಚೆನ್ನಾಗಿರುತ್ತಿತ್ತು.

(ಇದು ನಿಧಾನದ ಶುರು. ನಕ್ಷೆಯಿಂದ ಶುರುವಾಗುವ ಕಥೆಗಳನ್ನು ನಾನೇ ಅರ್ಧಕ್ಕೆ ಬಿಟ್ಟಿದ್ದೇನೆ. ಇದನ್ನೂ ಬಿಡುತ್ತೇನೆ. ಬಿಡುವ ಮುಂಚೆ ನೋಟ್‌ಬುಕ್ಕಿನ ಕೊನೆಯ ಪುಟಗಳನ್ನು ನೋಡಿ. ಹತ್ತು ವರ್ಷ ಇರುವೆ ಸಾಲಿನಂತಿದ್ದ ಅಕ್ಷರ ಈ ಬೇಸಿಗೆಯಿಂದ ದೊಡ್ಡದಾಗುತ್ತಾ ಬಂದಿದೆ. ಕೊನೆಯ ಪುಟದಲ್ಲಿ ದಪ್ಪ ಮಾರ್ಕರಿನಲ್ಲಿ ಎರಡೇ ಪದ: ನೀರು, ಹಗ್ಗ. ನೆರಿಡಾ ಇದನ್ನು ನೋಡಿದ್ದಳು. ಪೆನ್ನು ಖಾಲಿಯಾಗಿರಬೇಕು ಅಂದುಕೊಂಡಿದ್ದಳು.)

೨

ಬೆರಳಿನ ವಿಷಯ.

ಈ ಕಡೆಯ ರಸ್ತೆಗಳಲ್ಲಿ ಎದುರು ಗಾಡಿ ಬಂದರೆ ಸ್ಟೀರಿಂಗ್ ಮೇಲಿನ ಕೈ ತೆಗೆಯದೆ ತೋರುಬೆರಳೊಂದನ್ನು ಎತ್ತುತ್ತಾರೆ. ಅಷ್ಟೇ. ನಗಬೇಕಾಗಿಲ್ಲ, ಗುರುತೂ ಇರಬೇಕಾಗಿಲ್ಲ. ಎತ್ತದಿದ್ದರೆ ಮಾತ್ರ ಊರೆಲ್ಲ ಸುದ್ದಿ.

ಮಾರ್ಚಿನಲ್ಲಿ ಲಿಂಡ್ಸೇ ಎದುರಿಗೆ ಬಂದು ಬೆರಳೆತ್ತಿದ. ಕ್ಲೆಮ್ ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ. ನಲವತ್ತು ವರ್ಷದ ಗೆಳೆತನ. ಲಿಂಡ್ಸೇ ಮೂರು ವಾರ ಮುನಿಸಿಕೊಂಡು, ಕೊನೆಗೆ ಅಂಗಡಿಯಲ್ಲಿ ಬ್ರೆಡ್ಡು ಆರಿಸುತ್ತಿದ್ದ ನೆರಿಡಾಳನ್ನು ಅಡ್ಡಗಟ್ಟಿದ.

“ನಿನ್ನ ಯಜಮಾನರಿಗೆ ನಾನೇನು ಮಾಡಿದೀನಿ ಅಂತ ಒಂಚೂರು ಕೇಳಿ ಹೇಳಮ್ಮ” ಎಂದ. “ತಪ್ಪಿದ್ರೆ ಒಪ್ಕೋತೀನಿ. ತಪ್ಪು ಯಾವುದು ಅಂತನಾದ್ರೂ ಗೊತ್ತಾಗ್ಬೇಕಲ್ಲ.”

ನೆರಿಡಾ ಬ್ರೆಡ್ಡನ್ನು ಕೈಯಲ್ಲೇ ಹಿಡಿದು ನಿಂತಳು. ದೊಡ್ಡ ಅಕ್ಷರದ “ನೀರು, ಹಗ್ಗ” ಅವಳ ಕಣ್ಣ ಮುಂದೆ ಬಂತು. ಮನೆಗೆ ಹೋಗುವಾಗ ಅವಳು, ಹೊರಗೆ ಕಾಯುತ್ತಿದ್ದ ಕ್ಲೆಮ್‌ನಿಂದ ಗಾಡಿಯ ಬೀಗದಕೈ ಕೇಳಿ ತೆಗೆದುಕೊಂಡಳು. ಅವನು ಯಾಕೆಂದು ಕೇಳಲಿಲ್ಲ. ಅದೇ ಅವಳಿಗೆ ಉತ್ತರವಾಯಿತು.

೩

(ಈ ಭಾಗದಲ್ಲಿ ಒಬ್ಬ ಕಣ್ಣಿನ ಡಾಕ್ಟರ್ ಇದ್ದ. ತುಂಬಾ ಮಾತಾಡುತ್ತಿದ್ದ, ಒಂದು ಚಿತ್ರವನ್ನೂ ಬರೆದು ತೋರಿಸಿದ. ಅವನನ್ನು ತೆಗೆದುಹಾಕಿದ್ದೇನೆ. ಅವನು ಹೇಳಿದ್ದರಲ್ಲಿ ನಮಗೆ ಬೇಕಾದ್ದು ಇಷ್ಟು: ಎರಡೂ ಕಣ್ಣಿನ ನಡುಭಾಗ ಹೋಗುತ್ತಿದೆ, ಅಂಚು ಉಳಿಯುತ್ತದೆ. ನೇರ ನೋಡಿದ್ದು ಕಾಣುವುದಿಲ್ಲ. ಇನ್ನು ಗಾಡಿ ಓಡಿಸುವಂತಿಲ್ಲ.)

೪

ಮರುವಾರ ಊರಿನ ಫುಟ್‌ಬಾಲ್ ಕ್ಲಬ್ಬಿನ ನೋಟಿಸು ಹಲಗೆಯ ಮೇಲೆ ಚೀಟಿ ಬಂತು. ದಪ್ಪ ಮಾರ್ಕರಿನಲ್ಲಿ: ಕ್ಯಾರವಾನ್ ಮಾರಾಟಕ್ಕಿದೆ. ನೆರಿಡಾ ಅದನ್ನು ಕಿತ್ತು ಕಿಸೆಗೆ ಹಾಕಿಕೊಂಡಳು. ಎರಡು ದಿನಕ್ಕೆ ಇನ್ನೊಂದು ಬಂತು, ಇನ್ನೂ ದೊಡ್ಡ ಅಕ್ಷರದಲ್ಲಿ.

ವಿಷಯ ತಿಳಿದ ಲಿಂಡ್ಸೇ ಮುನಿಸು ಬಿಟ್ಟು ಮನೆಗೇ ಬಂದ. ತಾನೇ ವ್ಯಾನು ಎಳೆದುಕೊಂಡು ಇಬ್ಬರನ್ನೂ ಹ್ಯಾರಪ್ ದಾರಿಗೆ ಕರೆದೊಯ್ಯುವುದಾಗಿ ಹೇಳಿದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ವ್ಯಾನಿನಲ್ಲಿರುವುದು ಒಂದೇ ಮಂಚ, ನೀನೆಲ್ಲಿ ಮಲಗುತ್ತೀಯ ಎಂದು ನೆರಿಡಾ ಕೇಳಿದ ಮೇಲೆ ಆ ಮಾತು ಮುಂದುವರಿಯಲಿಲ್ಲ. ಊರಿನ ಶಾಲೆಯ ಬಸ್ಸನ್ನು ಹತ್ತೊಂಬತ್ತು ವರ್ಷ ಓಡಿಸಿದವಳು ಅವಳು. ನಾನೇ ಓಡಿಸುತ್ತೇನೆ ಎಂದಳು.

“ಪಕ್ಕದ ಸೀಟಲ್ಲಿ ಮೂಟೆ ಥರ ಕೂತ್ಕೊಂಡು ನಾನು ಎಲ್ಲಿಗೂ ಬರಲ್ಲ” ಎಂದ ಕ್ಲೆಮ್.

“ನಾನು ನಲವತ್ತೊಂದು ವರ್ಷ ಕೂತಿದೀನಿ ಅಲ್ಲಿ” ಎಂದಳು ನೆರಿಡಾ. “ನಾನೇನು ಮೂಟೆನಾ?”

ಲಿಂಡ್ಸೇ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದವನು ಎತ್ತುವುದನ್ನೇ ಮರೆತ. ಅದು ಮುರಿದು ತಳ ಸೇರಿತು.

ಕ್ಲೆಮ್‌ನ ಹತ್ತಿರ ಇದಕ್ಕೆ ಉತ್ತರವಿರಲಿಲ್ಲ. (ನನ್ನ ಹತ್ತಿರವೂ ಇರಲಿಲ್ಲ. ನಾಲ್ಕು ದಿನ ಈ ಸಾಲಿನ ಕೆಳಗೆ ಏನೂ ಬರೆಯಲಾಗದೆ ಕೂತಿದ್ದೆ.) ಉತ್ತರವಿಲ್ಲದ ಗಂಡಸರು ಮಾಡುವುದನ್ನೇ ಅವನು ಮಾಡಿದ: ಷರತ್ತು ಹಾಕಿದ. ಬಸ್ಸಿಗೆ ಸೊಂಟವಿಲ್ಲ, ಕೊಂಡಿ ಹಾಕಿದ ವ್ಯಾನಿಗೆ ಇದೆ. ಆ ದಾರಿಯಲ್ಲಿ ನೀರು ಕೊಚ್ಚಿದ ಕಡೆ ತಿರುಗಿಸಲು ಜಾಗವಿರುವುದಿಲ್ಲ. ಬಂದಷ್ಟು ದೂರವೂ ಹಿಮ್ಮುಖವಾಗಿ ಬರಬೇಕಾಗಬಹುದು. ಆದ್ದರಿಂದ ಮೈದಾನದ ನಡುವಿನಿಂದ ಹಿಂದಕ್ಕೆ ಬಂದು, ಎರಡು ಎತ್ತರದ ಕಂಬಗಳ ನಡುವೆ ಯಾವುದಕ್ಕೂ ತಾಗದೆ ದಾಟಿ, ಆಚೆಯ ಬೇಲಿಗೆ ಮುಂಚೆ ನಿಲ್ಲಿಸಲಿ. ಆಗ ಚೀಟಿ ತೆಗೆಯುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ. ತೀರ್ಪು ತನ್ನದು.

ತೀರ್ಪು ತನ್ನದು ಎಂದದ್ದಕ್ಕೆ ಯಾರೂ ತಕರಾರು ಎತ್ತಲಿಲ್ಲ. ಇಪ್ಪತ್ತೆರಡು ಚಳಿಗಾಲ ಆ ಕಂಬಗಳ ಕೆಳಗೆ ಬಿಳಿ ಕೋಟು ತೊಟ್ಟು ನಿಂತ ಗೋಲು ತೀರ್ಪುಗಾರ ಅವನು. ಇಲ್ಲಿಯ ಫುಟ್‌ಬಾಲಿನಲ್ಲಿ ಕಂಬ ನಾಲ್ಕು: ನಡುವೆ ಎರಡು ಎತ್ತರದವು, ಆಚೀಚೆ ಎರಡು ಗಿಡ್ಡವು. ಎತ್ತರದ ಕಂಬಗಳ ನಡುವೆ ಚೆಂಡು ಹೋದರೆ ಎರಡು ಬೆರಳು, ಅಂದರೆ ಗೋಲು; ಎತ್ತರದ್ದಕ್ಕೂ ಗಿಡ್ಡದ್ದಕ್ಕೂ ನಡುವೆ ಹೋದರೆ ಒಂದು. ಕ್ಲೆಮ್ ಬೆರಳು ತೋರಿಸಿದ ಮೇಲೆ ಸೋತ ತಂಡವೂ ಬಾಯಿ ಮುಚ್ಚುತ್ತಿತ್ತು.

೫

ಈಗ ನಡುಗುತ್ತಿದ್ದ ಆ ಕಂಬಕ್ಕೆ ವಾಪಸು ಬರಬಹುದು. ಅದು ಹನ್ನೊಂದನೇ ಪ್ರಯತ್ನ.

ಹಿಮ್ಮುಖ ಹೋಗುವಾಗ ವ್ಯಾನು ಎಡಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಬಲಕ್ಕೆ ತಿರುಗಿಸಬೇಕು. ಇದು ನೆರಿಡಾಗೆ ಗೊತ್ತು. ಅವಳ ಕೈಗೆ ಗೊತ್ತಿರಲಿಲ್ಲ. ಅದರ ಮೇಲೆ ಕ್ಲೆಮ್‌ನ ಸೂಚನೆಗಳು. ಅವನು ಎಡ ಅಂದಾಗ ಅದು ಯಾರ ಎಡ ಎಂಬುದೇ ಜಗಳವಾಗಿ, ಎಂಟನೇ ಪ್ರಯತ್ನದ ನಂತರ ಇಬ್ಬರೂ ಒಂದು ದಿನ ಮಾತು ಬಿಟ್ಟಿದ್ದರು.

ಹದಿನಾಲ್ಕನೇ ಸಲ ಅವಳು ಕಿಟಕಿ ಏರಿಸಿ ಅವನ ದನಿ ಒಳಗೆ ಬರದಂತೆ ಮಾಡಿದಳು. ಸ್ಟೀರಿಂಗನ್ನು ಮೇಲೆ ಹಿಡಿಯುವ ಬದಲು ಕೆಳಗೆ ಹಿಡಿದಳು. ಕೈ ಯಾವ ಕಡೆ ಹೋಗುತ್ತದೋ ವ್ಯಾನಿನ ಬಾಲ ಆ ಕಡೆಗೇ ಹೋಯಿತು. ಇಷ್ಟೇನಾ, ಅನ್ನಿಸಿ ನಗು ಬಂತು. ಕನ್ನಡಿಯಲ್ಲಿ ಎತ್ತರದ ಕಂಬವೊಂದು ನಿಧಾನವಾಗಿ ಹಾದುಹೋಯಿತು. ಇನ್ನೊಂದು ಕನ್ನಡಿಯಲ್ಲಿ ಇನ್ನೊಂದು. ಅವಳು ನಿಲ್ಲಿಸಿ, ಇಂಜಿನ್ ಆರಿಸಿ, ಕೆಳಗಿಳಿದಳು.

ಲಿಂಡ್ಸೇ ಬೆಂಚಿನಿಂದ ಎದ್ದಿದ್ದ. ಪಾಯಿಂಟು ಹೇಳಲಿಲ್ಲ, ಅದು ಅವನ ಕೆಲಸವಲ್ಲ.

ಕ್ಲೆಮ್ ಎರಡು ಬೆರಳು ಚಾಚಿ ಗೋಲು ಎಂದು ಸಾರಿದ.

(“ಅದನ್ನ ಹೊಡೆದುಹಾಕು” ಎಂದ ಕ್ಲೆಮ್, ನನಗೆ. ಯಾಕೆ, ಗೋಲಲ್ಲವೇ ಅದು ಎಂದೆ. “ಇರಬಹುದು. ನೋಡದೆ ಕೊಡಲ್ಲ ನಾನು. ಇಪ್ಪತ್ತೆರಡು ವರ್ಷ ಕೊಟ್ಟಿಲ್ಲ, ನಿನ್ನ ಕಥೆಗೋಸ್ಕರ ಕೊಡ್ತೀನಾ?” ಹೊಡೆದುಹಾಕಿದ್ದೇನೆ.)

ಕ್ಲೆಮ್ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟು ನಿಂತಿದ್ದ. ಮುಖವನ್ನು ಆ ಕಡೆ ಈ ಕಡೆ ಓರೆ ಮಾಡಿ, ಕಣ್ಣಿನ ಅಂಚಿಗೆ ಏನಾದರೂ ಸಿಗುತ್ತದೆಯೇ ಎಂದು ಹುಡುಕಿದ. ಬಿಳಿ ಬಣ್ಣದ ಏನೋ ದೊಡ್ಡದು ಸರಿದು ನಿಂತಿತ್ತು. ಎಲ್ಲಿ ಎಂದು ಹೇಳುವಂತಿರಲಿಲ್ಲ.

“ನಂಗೆ ಕಾಣಲಿಲ್ಲ” ಎಂದ.

ಡಾಕ್ಟರ ಮುಂದೆಯೂ ಅವನು ಹೀಗೆ ಹೇಳಿರಲಿಲ್ಲ. ಬೆಳಕು ಸರಿಯಿಲ್ಲ ಎಂದಿದ್ದ, ಕನ್ನಡಕ ಹಳೆಯದು ಎಂದಿದ್ದ. ಲಿಂಡ್ಸೇ ಟೋಪಿ ತೆಗೆದು ಅದರೊಳಗೆ ಏನೋ ಇದೆ ಎಂಬಂತೆ ನೋಡತೊಡಗಿದ.

“ಕಾಣದಿದ್ರೆ ಮುಟ್ಟಿ ನೋಡು ಮಾರಾಯ” ಎಂದಳು ನೆರಿಡಾ. “ನಂಗೆ ಸುಳ್ಳು ಗೋಲು ಬೇಡ.”

ಕ್ಲೆಮ್ ಮೊದಲ ಕಂಬದ ಹತ್ತಿರ ಹೋಗಿ ಅದನ್ನು ಸವರಿದ. ಅಲ್ಲಿಂದ ಹೆಜ್ಜೆ ಹಾಕಿದ: ಎರಡು, ವ್ಯಾನಿನ ಮೈ ಸಿಕ್ಕಿತು. ವ್ಯಾನನ್ನು ಸವರುತ್ತಾ ಹಿಂದಕ್ಕೆ ಹೋಗಿ ಒಂದು ಕೈಯನ್ನು ಅದರ ಮೇಲೇ ಇಟ್ಟು, ಇನ್ನೊಂದನ್ನು ಚಾಚಿ ಬೇಲಿ ಹುಡುಕಿದ. ಬೇಲಿ ಇನ್ನೂ ಒಂದು ಮೊಳ ಆಚೆಗಿತ್ತು. ಆ ಕಡೆಯಿಂದ ಬಂದು ಎರಡನೇ ಕಂಬದವರೆಗೆ ಮತ್ತೆ ಹೆಜ್ಜೆ: ಎರಡೂವರೆ. ಕಂಬದ ಸುತ್ತ ಅಂಗೈ ಆಡಿಸಿ ಹೊಸ ಗೀರು ಇದೆಯೇ ಎಂದು ನೋಡಿದ. ಅವಸರ ಮಾಡಲಿಲ್ಲ. ಯಾರೂ ಅವನನ್ನು ಅವಸರ ಮಾಡಲಿಲ್ಲ.

ಆಮೇಲೆ ಅವನು ಗೋಲುಗೆರೆಯ ಮೇಲೆ ಕಾಲು ಜೋಡಿಸಿ ನೆಟ್ಟಗೆ ನಿಂತ. ಎರಡೂ ಕೈಯನ್ನು ಸೊಂಟದ ಮಟ್ಟದಲ್ಲಿ ಮುಂದಕ್ಕೆ ತಂದು, ಎರಡು ತೋರುಬೆರಳು ಚಾಚಿದ.

(ಇದನ್ನು ಹೊಡೆದುಹಾಕು ಎಂದು ಯಾರೂ ಹೇಳಲಿಲ್ಲ.)

೬

ಇನ್ನು ಮುಗಿಸಬೇಕು. ನನ್ನ ಹತ್ತಿರ ಒಂದಕ್ಕಿಂತ ಹೆಚ್ಚು ಮುಕ್ತಾಯಗಳಿವೆ, ಬೇಕಾದ್ದು ಆರಿಸಿಕೊಳ್ಳಿ ಅನ್ನಬಹುದಿತ್ತು. ಆದರೆ ಕ್ಲೆಮ್‌ಗೂ ನೆರಿಡಾಗೂ ಓದಿ ಹೇಳಿ ತಪ್ಪು ಮಾಡಿದೆ.

ಮೊದಲನೆಯದು: ಜುಲೈ, ಹ್ಯಾರಪ್ ದಾರಿ. ದೂರದಲ್ಲಿ ಧೂಳೆಬ್ಬಿಸುತ್ತಾ ಗಾಡಿಯೊಂದು ಬರುತ್ತಿದೆ. ನೆರಿಡಾ “ಈಗ” ಎನ್ನುತ್ತಾಳೆ. ಪಕ್ಕದ ಸೀಟಿನಲ್ಲಿ ಕ್ಲೆಮ್ ತೋರುಬೆರಳು ಎತ್ತುತ್ತಾನೆ. ಇದನ್ನು ಬರೆದಾಗ ನನ್ನ ಕಣ್ಣೇ ಒದ್ದೆಯಾಗಿತ್ತು.

ಕ್ಲೆಮ್ ಇದನ್ನು ಕೇಳಿ ನೀನು ಹೊರ ಊರಿನವನೇ ಎಂದು ನನ್ನನ್ನು ಕೇಳಿದ. ಬೆರಳು ಎತ್ತುವುದು ಸ್ಟೀರಿಂಗ್ ಹಿಡಿದವರು. ಪಕ್ಕದವರು ಎತ್ತಿದರೆ ಎದುರಿನವನು ಏನೋ ತೊಂದರೆಯಾಗಿದೆ ಎಂದು ಗಾಡಿ ನಿಲ್ಲಿಸುತ್ತಾನೆ.

ಎರಡನೆಯದರಲ್ಲಿ ಒಂದು ಸೂರ್ಯಾಸ್ತವಿತ್ತು. ಅದರ ಬಗ್ಗೆ ನೆರಿಡಾ ಕೇಳಿದ್ದು ಒಂದೇ ಪ್ರಶ್ನೆ. “ಆ ದಾರಿ ನೋಡಿದೀಯಾ ನೀನು?”

ಇಲ್ಲ ಎಂದೆ.

“ನಾವೂ ನೋಡಿಲ್ಲ. ನಮಗಿಂತ ಮುಂಚೆ ನೀನು ಹೋಗ್ಬೇಡ.”

ಆದ್ದರಿಂದ ಈ ಕಥೆ ಡಾಂಬರು ದಾಟುವುದಿಲ್ಲ. ಜುಲೈನಲ್ಲಿ ಮಳೆ ಬಂತೋ, ದಾರಿ ಮುಚ್ಚಿದರೋ, ಈ ಸಲದ ಕೇಕನ್ನು ಎಲ್ಲಿ ಕೂತು ತಿಂದರೋ ನಾನು ಹೇಳುವಂತಿಲ್ಲ. ನನಗೆ ಬಿಟ್ಟುಕೊಟ್ಟಿರುವುದು ಮೈದಾನದ ಗೋಲುಗೆರೆಯಿಂದ ಗೇಟಿನವರೆಗಿನ ಇನ್ನೂರು ಮೀಟರ್ ಮಾತ್ರ.

ಅಲ್ಲಿ ಆದದ್ದು ಇಷ್ಟು. ಲಿಂಡ್ಸೇ ಫ್ಲಾಸ್ಕು ಮುಚ್ಚಿ, ಹುಲ್ಲಿನ ಮೇಲಿನ ಟಯರಿನ ಗುರುತಿಗೆ ಗೊಣಗುತ್ತಾ ಗೇಟು ತೆಗೆಯಲು ಹೋದ. ನೆರಿಡಾ ಗಾಡಿಯ ಬಾಗಿಲಲ್ಲಿ ನಿಂತಳು. ಕ್ಲೆಮ್ ನಲವತ್ತೊಂದು ವರ್ಷದ ಅಭ್ಯಾಸದಂತೆ ಬಲಗಡೆಯ ಬಾಗಿಲಿಗೇ ಬಂದ, ಅವಳಿಗೆ ಡಿಕ್ಕಿ ಹೊಡೆದು ನಿಂತ. ಅವನ ಕೋಟಿನ ತೋಳಿಗೆ ಕಂಬದ ಬಿಳಿ ಸುಣ್ಣ ಮೆತ್ತಿತ್ತು. ಅವಳು ಅದನ್ನು ಕೊಡವಿದಳು. ಆಮೇಲೆ, ಯಾಕೆಂದು ಅವಳಿಗೂ ಗೊತ್ತಿಲ್ಲ, ಬೀಗದಕೈಯನ್ನು ಅವನ ಅಂಗೈಗೆ ತಾಗಿಸಿದಳು.

“ಗೇಟಿನ ತನಕ ನೀನೇ ಓಡ್ಸು” ಎಂದಳು. “ಯಾರಿದ್ದಾರೆ ಇಲ್ಲಿ. ಖಾಲಿ ಮೈದಾನ. ಒಂದೇ ಸಲ.”

ಬೆರಳುಗಳು ಬೀಗದಕೈಯ ಹಲ್ಲುಗಳನ್ನು ಒಂದೊಂದಾಗಿ ಎಣಿಸುವಂತೆ ಸವರಿದವು. ಆಮೇಲೆ ಅವನು ಅದನ್ನು ಅವಳ ಕೈಗೇ ಒತ್ತಿ, ಬಾನೆಟ್ಟಿನ ಮೇಲೆ ಅಂಗೈಯಿಟ್ಟು ಗಾಡಿಯ ಮುಂದಿನಿಂದ ಸುತ್ತಿಕೊಂಡು ಎಡಗಡೆಯ ಬಾಗಿಲಿಗೆ ಹೋದ.

“ಬೇಡ” ಎಂದ.