ಡೈನಮೋ ಮತ್ತು ಹುಣಸೆಹಣ್ಣು

"ಶುಕ್ರವಾರ ಸಂಜೆ ಕೊಳ್ಳುವವರು ಬರ್ತಾರೆ, ನಾಗಯ್ಯ. ಅಷ್ಟರಲ್ಲಿ ಬ್ಯಾಟರಿ ಚಾರ್ಜ್ ಆದರೆ ಸರಿ. ಇಲ್ಲದಿದ್ದರೆ ಮೆಷಿನ್ ಕೊಟ್ಟುಬಿಟ್ಟು ಗ್ಯಾಸ್‌ಲೈಟ್ ತರಿಸ್ತೀನಿ" ಅಂದರು ಡಾಕ್ಟರ್ ಶಂಕರನಾರಾಯಣ. ಬೈಯಲಿಲ್ಲ. ಬೈದಿದ್ದರೆ ನಮ್ಮ ಯಜಮಾನರಿಗೆ ಸ್ವಲ್ಪ ಸಮಾಧಾನವಾದರೂ ಆಗುತ್ತಿತ್ತು.

೧೯೩೭ನೇ ಇಸವಿ, ದಸರಾ ಮುಗಿದ ವಾರ. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಡಾಕ್ಟರದು ಎಂಟು ಮಂಚದ ಹೆರಿಗೆ ಆಸ್ಪತ್ರೆ. ನಮ್ಮ ಬೀದಿಗೆ ಇನ್ನೂ ಕರೆಂಟಿನ ತಂತಿ ಎಳೆದಿರಲಿಲ್ಲ. ಹಿತ್ತಲ ಶೆಡ್ಡಿನಲ್ಲಿ ಒಂದು ಸೀಮೆಎಣ್ಣೆ ಇಂಜಿನ್ ಇತ್ತು. ಅದು ಬೆಲ್ಟಿನಿಂದ ಡೈನಮೋ ತಿರುಗಿಸಬೇಕು, ಡೈನಮೋ ಬ್ಯಾಟರಿಗಳಿಗೆ ಕರೆಂಟು ತುಂಬಬೇಕು, ಆ ಬ್ಯಾಟರಿಯಿಂದ ಹೆರಿಗೆ ಕೋಣೆಯ ದೀಪ ಉರಿಯಬೇಕು. ಇದನ್ನು ನೋಡಿಕೊಳ್ಳುವ ಕೆಲಸ ನಮ್ಮ ಯಜಮಾನರದು. ಅದಕ್ಕೂ ಮುಂಚೆ ಸಾಮಿಲ್ಲಿನಲ್ಲಿ ದಿಮ್ಮಿ ಹೊತ್ತು ಎಡ ಹೆಗಲು ಕೆಡಿಸಿಕೊಂಡಿದ್ದರು. ಶೆಡ್ಡಿಗೆ ಅಂಟಿದ ಒಂದು ಕೋಣೆಯೇ ನಮ್ಮ ಮನೆ. ಮೆಷಿನ್ ಹೋದರೆ ಕೆಲಸ ಹೋಯಿತು, ಕೋಣೆಯೂ ಹೋಯಿತು. ಆಮೇಲೆ ಆ ಹೆಗಲಿನ ಮೇಲೆ ಮತ್ತೆ ದಿಮ್ಮಿಯೇ.

ಇಂಜಿನ್ ಚೆನ್ನಾಗಿಯೇ ಓಡುತ್ತಿತ್ತು. ಬೆಲ್ಟು ಬಿಗಿಯಾಗಿತ್ತು. ಗೋಡೆಯ ಮೀಟರಿನ ಮುಳ್ಳು ಮಾತ್ರ ಸೊನ್ನೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಯಜಮಾನರು ತಂತಿಗಳನ್ನೆಲ್ಲ ಬಿಚ್ಚಿ, ತುದಿ ಹೆರೆದು, ಮತ್ತೆ ಕಟ್ಟಿದ್ದರು. ಏನೂ ಆಗಲಿಲ್ಲ.

"ಬ್ಯಾಟರಿನೇ ಸತ್ತಿದೆ ಕಣೆ" ಅಂದರು.

"ಸತ್ತಿದೆ ಅಂತ ಯಾರು ಹೇಳಿದ್ದು? ತೋರಿಸ್ಕೊಂಡು ಬರೋಣ" ಅಂದೆ.

ಗುರುವಾರ ಬೆಳಗಿನ ರೈಲಿಗೆ ಒಂದು ಬ್ಯಾಟರಿಯನ್ನು ಗೋಣಿಯಲ್ಲಿ ಕಟ್ಟಿ, ಬಿದಿರಿಗೆ ತೂಗುಹಾಕಿ ಹೊರಟೆವು. ಮುಂದೆ ಅವರು, ಹಿಂದೆ ನಾನು. ಒಳಗಿನ ಆಸಿಡ್ ತುಳುಕಿ ನನ್ನ ಸೀರೆಯ ನೆರಿಗೆಯಲ್ಲಿ ಮೂರು ತೂತಾದವು. ಶಿವಮೊಗ್ಗ ಸ್ಟೇಷನ್ನಿನಿಂದ ಜಟಕಾ ಮಾಡಿ ಸವಳಂಗ ರಸ್ತೆಯ ಬಂಗಾರಪ್ಪನವರ ಅಂಗಡಿಗೆ ಹೋದೆವು. ಬಸ್ಸು ಲಾರಿಗಳ ಬ್ಯಾಟರಿ ಚಾರ್ಜ್ ಮಾಡಿಕೊಡುವ ಅಂಗಡಿ ಅದು.

ಬಂಗಾರಪ್ಪ ಗಾಜಿನ ಕೊಳವೆಯಲ್ಲಿ ಆಸಿಡ್ ಹೀರಿ ಬೆಳಕಿಗೆ ಹಿಡಿದು ನೋಡಿದರು. ಬ್ಯಾಟರಿಯನ್ನು ತಮ್ಮ ತಂತಿಗೆ ಸೇರಿಸಿ ಎರಡು ಗಂಟೆ ಕೂರಿಸಿದರು. ಅವರ ಮೀಟರಿನ ಮುಳ್ಳು ಸಲೀಸಾಗಿ ಏರಿ ನಿಂತಿತು.

"ಇದು ಗಟ್ಟಿಮುಟ್ಟಾಗಿದೆ ಮಾರಾಯ. ಹಸ್ಕೊಂಡಿದೆ, ಅಷ್ಟೇ. ಬಡಿಸೋನು ಬಡಿಸ್ತಾ ಇಲ್ಲ. ಡೈನಮೋ ನೋಡಿದ್ಯಾ?"

"ನೋಡಿದೀನಿ. ಎಲ್ಲ ಸರಿಯಾಗಿದೆ."

"ಒಳಗೆ ತಾಮ್ರದ ಪಟ್ಟಿ ಜೋಡಿಸಿದ ಬಳೆ ತಿರುಗುತ್ತಲ್ಲ, ಇದ್ದಿಲಿನ ಬ್ರಷ್ಷು ಕೂರುತ್ತಲ್ಲ ಅದರ ಮೇಲೆ, ಅದು ಯಾವ ಬಣ್ಣ ಇದೆ?"

"ಫಳಫಳ ಅಂತಿದೆ. ದೇವರ ತಂಬಿಗೆ ಇದ್ದ ಹಾಗೆ" ಅಂದರು ಯಜಮಾನರು, ಹೆಮ್ಮೆಯಿಂದಲೇ.

ಬಂಗಾರಪ್ಪ ಬೀಡಿ ಕೆಳಗಿಟ್ಟರು. "ದಿನಾ ಓಡೋ ಡೈನಮೋದಲ್ಲಿ ಅದು ಕಂದಾಗಿರಬೇಕು, ಬೆಲ್ಲದ ಬಣ್ಣ. ಫಳಫಳ ಅಂತಿದೆ ಅಂದ್ರೆ ಯಾರೋ ತಿಕ್ಕಿದಾರೆ. ಪಟ್ಟಿಗಳ ನಡುವಿನ ಸಂದಿಯಲ್ಲಿ ಕೊಳೆ ಕೂತ್ರೆ ಕರೆಂಟು ಅಲ್ಲಲ್ಲೇ ಸುತ್ತಿ ಸಾಯುತ್ತೆ, ಹೊರಗೆ ಬರಲ್ಲ. ನಾನು ಬರೋಣ ಅಂದ್ರೆ ಸೋಮವಾರದವರೆಗೂ ಆಗಲ್ಲ."

ಬ್ಯಾಟರಿಯನ್ನು ಮತ್ತೆ ಗೋಣಿಯಲ್ಲಿ ಕಟ್ಟಿದೆ. ರೈಲು ಹತ್ತಿ, ತುಂಗೆಯ ಸೇತುವೆ ದಾಟಿದ ಮೇಲೆ ಹೇಳಿದೆ.

"ನಾನೇ ತಿಕ್ಕಿದ್ದು. ಆಯುಧಪೂಜೆ ದಿನ. ನೀವು ಮೆಷಿನ್ನೆಲ್ಲ ತೊಳೀ ಅಂದ್ರಲ್ಲ, ಒಳಗೆ ನೋಡಿದ್ರೆ ತಾಮ್ರ. ಕಂದು ಹಿಡಿದಿತ್ತು. ಪೂಜೆಗೆ ಹಾಗೆ ಬಿಡೋದಾ ಅಂತ..."

ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಕೇಳಿದರು: "ಏನು ಹಾಕಿ ತಿಕ್ಕಿದೆ?"

"ಹುಣಸೆಹಣ್ಣು."

"ಎಷ್ಟು?"

"ಒಂದು ಹಿಡಿ."

"ಉಪ್ಪು?"

"ಸ್ವಲ್ಪ. ಬೂದೀನೂ."

"ಒಗ್ಗರಣೆ ಒಂದು ಬಾಕಿ ಇತ್ತು" ಅಂದು ಮುಖ ತಿರುಗಿಸಿದರು.

ಶುಕ್ರವಾರ ಬೆಳಕು ಹರಿಯುತ್ತಲೇ ಡೈನಮೋದ ಮುಚ್ಚಳ ಬಿಚ್ಚಿದರು. ಬಗ್ಗಿ ನೋಡಿದೆವು. ಪಟ್ಟಿ ಹೊಳೆಯುತ್ತಿತ್ತು, ಸಂದಿಗಳಲ್ಲಿ ಕರೀ ಅಂಟು. ಗರಗಸದ ಮುರುಕು ತುಂಡು ತಂದು ಕೆರೆಯಲು ಹೋದರು. ಹೆಗಲು ಎತ್ತಲಾರದೆ ಕೈ ಜಾರಿ ತಾಮ್ರದ ಮೇಲೆ ಗೀರು ಬಿತ್ತು.

"ಇತ್ತ ಕೊಡಿ. ನಾನು ತುಂಬಿದ್ದು, ನಾನೇ ತೆಗೀತೀನಿ" ಅಂದೆ.

ಮೂವತ್ತೆರಡು ಸಂದಿ. ಬಿದಿರಿನ ಕಡ್ಡಿಯನ್ನು ಚೂಪಾಗಿ ಸೀಳಿಕೊಂಡು ಒಂದೊಂದನ್ನೇ ಕೆರೆದೆ. ಹುಣಸೆಯ ನಾರು, ಬೂದಿ, ಇದ್ದಿಲಿನ ಪುಡಿ ಎಲ್ಲ ಸೇರಿ ಕಲ್ಲಾಗಿತ್ತು. ಕಡ್ಡಿ ಮುರಿದರೆ ಇನ್ನೊಂದು. ಎಲ್ಲಿಂದ ಶುರು ಮಾಡಿದೆ ಅಂತ ಮರೆಯಬಾರದೆಂದು ಮೊದಲ ಪಟ್ಟಿಗೆ ಒಂದು ಚುಕ್ಕೆ ಕುಂಕುಮ ಇಟ್ಟೆ. ಆಯಾ ಕಾಳಮ್ಮ ಬಾಗಿಲಲ್ಲಿ ಇಣುಕಿದಳು.

"ಏನೇ ಈಶ್ವರಿ, ಮೆಷಿನ್ನಿಗೆ ಹೇನು ತೆಗೀತಿದೀಯ?"

"ಹ್ಞೂಂ. ನಿನ್ನ ಸರದಿ ನಾಳೆ. ಈಗ ಬೆಳಕು ಬಿಟ್ಟು ನಿಂತ್ಕೋ."

ಮಧ್ಯಾಹ್ನಕ್ಕೆ ಕುಂಕುಮದ ಚುಕ್ಕೆ ಮತ್ತೆ ಕೈಗೆ ಬಂತು. ಪೆಟ್ರೋಲ್ ಬಟ್ಟೆಯಿಂದ ಒರೆಸಿ ಇಂಜಿನ್ ತಿರುಗಿಸಿದೆವು. ಮುಳ್ಳು ಸೊನ್ನೆಯಲ್ಲೇ ನಿಂತಿತ್ತು.

ಯಜಮಾನರು ಇಂಜಿನ್ ಆರಿಸಿ ನೆಲದ ಮೇಲೆ ಕೂತರು. "ಪಾತ್ರೆ ಕಟ್ಟಿಡು. ಸಾಮಿಲ್ಲಿಗೆ ಹೇಳಿ ಬರ್ತೀನಿ."

"ಸಂಜೆ ಆಗಿಲ್ಲ ಇನ್ನೂ" ಅಂದೆ.

ತಿಕ್ಕುವಾಗ ನನ್ನ ಕೈ ಎಲ್ಲೆಲ್ಲಿ ಹೋಗಿತ್ತು ಅಂತ ಯೋಚಿಸಿದೆ. ನೀರು ಹಾಕಿದ್ದೆ. ಹುಣಸೆ ರಸ ಕೆಳಗೆ ಇಳಿದಿರಬೇಕಲ್ಲ. ತಾಮ್ರದ ಮೇಲೆ ಕೂರುವ ಇದ್ದಿಲಿನ ಬ್ರಷ್ಷುಗಳು ಎರಡು, ಒಂದೊಂದಕ್ಕೆ ಒಂದು ಹಿತ್ತಾಳೆ ಗೂಡು, ಹಿಂದಿನಿಂದ ತಳ್ಳುವ ಸ್ಪ್ರಿಂಗು. ಮೇಲಿನದನ್ನು ಬೆರಳಿನಿಂದ ಒತ್ತಿದೆ. ಒಳಹೊರಗೆ ಆಡಿತು. ಕೆಳಗಿನದನ್ನು ಒತ್ತಿದೆ. ಅಲ್ಲಾಡಲಿಲ್ಲ. ಗೂಡಿನಲ್ಲಿ ಅಂಟಿ ಕೂತಿತ್ತು. ಅದಕ್ಕೂ ತಾಮ್ರಕ್ಕೂ ನಡುವೆ ಒಂದು ಕಾಗದ ತೂರುವಷ್ಟು ಜಾಗ.

"ನೋಡಿ, ಇದು ಮುಟ್ಟೇ ಇಲ್ಲ."

ಅವರು ಎದ್ದು ಬಂದರು. ಬ್ರಷ್ಷನ್ನು ಮೆಲ್ಲಗೆ ಎಳೆದು ತೆಗೆದರು, ನಾನು ಗೂಡನ್ನು ಬಿಸಿನೀರಿನ ಬಟ್ಟೆಯಲ್ಲಿ ತೊಳೆದು ಒರೆಸಿ ಒಣಗಿಸಿದೆ. ಮತ್ತೆ ಕೂರಿಸಿದಾಗ ಸ್ಪ್ರಿಂಗು ಅದನ್ನು ಟಪ್ಪೆಂದು ತಾಮ್ರಕ್ಕೆ ಒತ್ತಿತು.

ಅಷ್ಟರಲ್ಲಿ ಸಂಜೆಯಾಗಿ, ಡಾಕ್ಟರು ಕೊಳ್ಳುವವರನ್ನು ಕರೆದುಕೊಂಡು ಶೆಡ್ಡಿಗೆ ಬಂದರು. ಯಜಮಾನರು ಅವರ ಮುಖ ನೋಡದೆ ಇಂಜಿನ್ನಿನ ಹಿಡಿ ತಿರುಗಿಸಿದರು. ಬೆಲ್ಟು ಓಡಿತು. ಮುಳ್ಳು ಒಂದು ಸಲ ನಡುಗಿತು, ಆಮೇಲೆ ನಿಧಾನವಾಗಿ ಏರಿ ಹತ್ತರ ಗೆರೆಗೆ ಬಂದು ನಿಂತಿತು. ಯಜಮಾನರು ಕಳಚಿದ ಹಿಡಿಯನ್ನು ಕೆಳಗಿಡುವುದನ್ನೇ ಮರೆತು ನಿಂತರು.

"ಏನಾಗಿತ್ತು ನಾಗಯ್ಯ?"

"ಕೊಳೆ ಕೂತಿತ್ತು ಸ್ವಾಮಿ."

ಅಷ್ಟಕ್ಕೇ ಬಿಡಬಹುದಿತ್ತು. ಆದರೆ ಕೊಳೆ ಕೂತಿತ್ತು ಅಂದರೆ ಅವರು ಮೆಷಿನ್ ನೋಡಿಕೊಳ್ಳಲಿಲ್ಲ ಅಂತಲೇ ಆಗುತ್ತದೆ. "ನಾನು ಪೂಜೆಗೆ ಹುಣಸೆಹಣ್ಣು ಹಾಕಿ ತಿಕ್ಕಿದ್ದೆ ಸ್ವಾಮಿ. ಅವರದೇನೂ ತಪ್ಪಿಲ್ಲ" ಅಂದೆ.

ಡಾಕ್ಟರು ಕನ್ನಡಕ ತೆಗೆದು ಒರೆಸಿದರು. "ಪೂಜೆ ದಿನ ಮಂಗಳಾರತಿ ತಗೊಂಡು ನಾನೇ ಹೇಳಿದ್ನಲ್ಲಮ್ಮ, ಮೆಷಿನ್ನು ಹೊಸದರ ಹಾಗಿದೆ ಅಂತ." ಕೊಳ್ಳುವವರ ಕಡೆ ತಿರುಗಿ, "ಕಾಫಿ ಕುಡಿದು ಹೋಗಿ. ಇದು ಮಾರೋದಿಲ್ಲ" ಅಂದರು.

ತಾಮ್ರ ಮತ್ತೆ ಬೆಲ್ಲದ ಬಣ್ಣಕ್ಕೆ ಬರಲು ಒಂದು ತಿಂಗಳು ಹಿಡಿಯಿತು. ದಿನಾ ಬೆಳಿಗ್ಗೆ ಮುಚ್ಚಳ ಸರಿಸಿ ನೋಡುತ್ತಿದ್ದೆ. ಕಂದು ಏರಿದಷ್ಟೂ ತಿಕ್ಕಬೇಕೆಂದು ಕೈ ತುರಿಸುತ್ತಿತ್ತು. ಸುಮ್ಮನೆ ಮುಚ್ಚಳ ಹಾಕಿ ಬರುತ್ತಿದ್ದೆ.