ಬಲಕ್ಕೆ ಎಳೆಯುವ ಬ್ಲೇಡು

ಮೂರನೆಯ ಬಾತುಕೋಳಿಯೂ ಕೂರಲಿಲ್ಲ. ಗೆರೆಯಮ್ಮ ಅದನ್ನು ಹಲಗೆಯ ಗುಳಿಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದಳು, ತೆಗೆದು ಊದಿ ಮತ್ತೆ ಒತ್ತಿದಳು, ಕೊನೆಗೆ ಅಂಗೈಯಿಂದ ಒಂದೇಟು ಕೊಟ್ಟಳು. ಬಾತುಕೋಳಿ ಅರ್ಧ ಇಳಿದು, ಕೊಕ್ಕು ಮೇಲೆ ಮಾಡಿಕೊಂಡು ಸೊಟ್ಟಗೆ ನಿಂತಿತು.

"ಏನು ಗೆರೆಯಮ್ಮ, ಕೋಳಿಗೆ ಊಟ ಜಾಸ್ತಿ ಹಾಕಿದ್ರಾ? ಮನೆಯೊಳಗೇ ಹೋಗ್ತಿಲ್ವಲ್ಲ!" ಎಂದಳು ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದ ಬಣ್ಣದಕ್ಕ.

"ನೀನು ನಿನ್ನ ಡಬ್ಬ ನೋಡ್ಕೊ. ಹಸುವಿಗೆ ಹಸಿರು ಬಳಿದಿದ್ದೀಯ."

"ಅದು ಹಸು ಅಲ್ಲ, ಮೊಸಳೆ."

ಯಾರೋ ನಕ್ಕರು. ಗೆರೆಯಮ್ಮನಿಗೆ ನಗು ಬರಲಿಲ್ಲ.

ಆ ಅಂಗಡಿಯಲ್ಲಿ ಚಿಕ್ಕ ಮಕ್ಕಳಿಗೆ ಮರದ ಆಟಿಕೆ ಮಾಡುತ್ತಿದ್ದರು. ಕಂದು ಮರದ ಹಲಗೆಯಲ್ಲಿ ಪ್ರಾಣಿಯ ಆಕಾರದ ಗುಳಿ. ಆ ಗುಳಿಗೆ ಸರಿಯಾಗಿ ಕೂರುವಂತೆ ಬಿಳಿ ಮರದ ಪ್ರಾಣಿ. ಹಲಗೆ ಕೊಯ್ಯುವವನು ಉದ್ದಣ್ಣ, ಪ್ರಾಣಿ ಕೊಯ್ಯುವವಳು ಇವಳು. ರಾಶಿಯಿಂದ ಯಾವ ಹಲಗೆ ಎತ್ತಿಕೊಂಡರೂ ಯಾವ ಬಾತುಕೋಳಿ ಎತ್ತಿಕೊಂಡರೂ ಟಪ್ಪನೆ ಕೂರಬೇಕು. ಇಪ್ಪತ್ತೆರಡು ವರ್ಷದಿಂದ ಕೂರುತ್ತಲೇ ಬಂದಿತ್ತು. ಪೆನ್ಸಿಲ್ ಗೆರೆ ಬಿಟ್ಟು ಕೂದಲೆಳೆಯಷ್ಟೂ ಆಚೀಚೆ ಹೋಗದ ಕೈ ಎಂದೇ ಅವಳಿಗೆ ಆ ಹೆಸರು ಬಿದ್ದದ್ದು. ಈಗ ಅವಳ ಸ್ವಂತ ಹೆಸರು ಸಂಬಳದ ಪುಸ್ತಕದಲ್ಲಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ.

ಮೆಷಿನ್‌ಗಳು ಹೊಸದಾಗಿ ಬಂದು ಎರಡು ದಿನವಾಗಿತ್ತು. ಅದರ ಪೂರ್ತಿ ಹೆಸರು ಸ್ಕ್ರೋಲ್ ಸಾ ಎಂದು ಪೆಟ್ಟಿಗೆಯ ಮೇಲೆ ಬರೆದಿತ್ತು. ಇಲ್ಲಿ ಎಲ್ಲರಿಗೂ ಅದು ಬರೀ ಮೆಷಿನ್. ಹೊಲಿಗೆ ಯಂತ್ರದ ಸೂಜಿಯ ಹಾಗೆ ಮೇಲೆ ಕೆಳಗೆ ಓಡುವ, ತಂತಿಯಷ್ಟು ತೆಳ್ಳಗಿನ ಗರಗಸದ ಬ್ಲೇಡು. ಅದನ್ನು ಬಿಗಿಯಾಗಿ ಹಿಡಿದ ಒಂದು ಉದ್ದನೆಯ ತೋಳು. ಕೆಳಗೆ ಮರ ಇಟ್ಟು ತಿರುಗಿಸುವ ಕಬ್ಬಿಣದ ತಟ್ಟೆ. ಹೊಸ ಮೂರೂ ಬೆಕ್ಕು ಗುರುಗುಟ್ಟಿದಷ್ಟೇ ಸದ್ದು ಮಾಡುತ್ತಿದ್ದವು. ಹಳೆಯ ಮೂರನ್ನು ಬಾಗಿಲ ಬಳಿ ಗೋಡೆಗೆ ಸಾಲಾಗಿ ನಿಲ್ಲಿಸಿದ್ದರು. ಹುಡುಗಿಯರಿಗೆ ಕಸುಬು ಕಲಿಸುವ ಒಂದು ಕೇಂದ್ರದವರು ಮಧ್ಯಾಹ್ನ ಬಂದು ಅವನ್ನು ಒಯ್ಯುವವರಿದ್ದರು.

"ಈ ಮೆಷಿನ್ ಸರಿ ಇಲ್ಲ. ಬ್ಲೇಡು ಎಡಕ್ಕೆ ಎಳೀತಿದೆ," ಎಂದಳು ಗೆರೆಯಮ್ಮ.

ಯಜಮಾನರು ಕನ್ನಡಕ ಏರಿಸಿಕೊಂಡು ಬಂದು ನೋಡಿದರು. ಉದ್ದಣ್ಣನನ್ನು ಕೂರಿಸಿದರು. ಅವನು ಮೊಣಕಾಲು ಮಡಚಿ, ಉಸಿರು ಬಿಗಿಹಿಡಿದು, ಹೊಸ ಮರದ ಮೇಲೆ ಒಂದು ಬಾತುಕೋಳಿ ಕೊಯ್ದ. ಅದು ಹಲಗೆಯಲ್ಲಿ ಟಪ್ಪನೆ ಕೂತಿತು.

"ಮೆಷಿನ್ ನೆಟ್ಟಗಿದೆ ಕಣಮ್ಮ," ಎಂದ ಅವನು ಎದ್ದು, ಏನೋ ತಪ್ಪು ಮಾಡಿದವನ ಹಾಗೆ. "ಕೈ ಹೊಸದಕ್ಕೆ ಹೊಂದ್ಕೊಬೇಕು, ಅಷ್ಟೇ. ಎರಡು ದಿನ."

ಯಜಮಾನರು ಅವಳ ಪಕ್ಕದ ಬುಟ್ಟಿಯನ್ನು ನೋಡಿದರು. ಅದರಲ್ಲಿ ಎರಡು ದಿನದ ಹದಿನಾಲ್ಕು ಬಾತುಕೋಳಿಗಳಿದ್ದವು, ಎಲ್ಲವೂ ಒಂದೇ ಕಡೆಗೆ ಸೊಟ್ಟ.

ಮಧ್ಯಾಹ್ನ ಕೇಂದ್ರದಿಂದ ಒಬ್ಬ ಟೀಚರೂ ಒಬ್ಬ ವಯಸ್ಸಾದ ಮೆಕ್ಯಾನಿಕ್ಕೂ ಬಂದರು. ಮೆಕ್ಯಾನಿಕ್ ಮಾತಿಗಿಂತ ಮೊದಲು ಪ್ಲಗ್ ಹುಡುಕುವ ಜಾತಿಯವನು. ಉದ್ದಣ್ಣನ ಹಳೆಯದನ್ನು ಓಡಿಸಿ ನೋಡಿದ, ತಲೆಯಾಡಿಸಿದ. ಎರಡನೆಯದನ್ನೂ ಓಡಿಸಿ ನೋಡಿದ. ಮೂರನೆಯದಕ್ಕೆ ಕೈ ಹಾಕುತ್ತಿದ್ದಂತೆ ಗೆರೆಯಮ್ಮ ತನ್ನ ಜಾಗ ಬಿಟ್ಟು ಹತ್ತಿರ ಬಂದಳು.

"ಅದು ನಂದು. ಒಂದು ದಿನಾನೂ ಕೈಕೊಟ್ಟಿಲ್ಲ ಅದು. ಬೇರೆ ಯಾರನ್ನೂ ಕೂರಿಸಿಲ್ಲ ಅದರ ಮುಂದೆ."

"ಹಲ್ಲುಜ್ಜೋ ಬ್ರಷ್ಷು ಕೊಟ್ರೂ ಕೊಡ್ತಾರೆ, ಮೆಷಿನ್ ಕೊಡಲ್ಲ ನಮ್ಮ ಗೆರೆಯಮ್ಮ," ಎಂದಳು ಬಣ್ಣದಕ್ಕ.

ಮೆಕ್ಯಾನಿಕ್ ಒಂದು ಚೂರು ಮರದ ಮೇಲೆ ಸ್ಕೇಲಿಟ್ಟು ಗೆರೆ ಎಳೆದ. ಮರವನ್ನು ನೆಟ್ಟಗೆ ತಳ್ಳಿದ. ಬ್ಲೇಡು ಒಂದಿಂಚು ಗೆರೆಯ ಮೇಲೇ ಹೋಯಿತು, ಆಮೇಲೆ ಮೆಲ್ಲಗೆ ಬಲಕ್ಕೆ ಸರಿಯಿತು. ಇನ್ನೊಂದು ಗೆರೆ ಎಳೆದು ಕೊಯ್ದ. ಅದೂ ಬಲಕ್ಕೆ. ಅವನು ಸ್ವಿಚ್ ಆರಿಸಿ, ತೋಳನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದ. ಸಡಿಲವಾದ ಹಲ್ಲಿನ ಹಾಗೆ ಅದು ಆಡಿತು. ಸ್ಕ್ರೂ ಬಿಚ್ಚಿ ಒಳಗಿನಿಂದ ಒಂದು ತಗಡಿನ ಬಿಲ್ಲೆ ಹೊರಗೆ ತೆಗೆದ.

"ಯಾರು ಸ್ವಾಮಿ ಈ ತಗಡು ತುರುಕಿದ್ದು?"

ಯಜಮಾನರಿಗೆ ನೆನಪಾಗಲು ಸ್ವಲ್ಪ ಹೊತ್ತು ಬೇಕಾಯಿತು. "ಅಂಗಡಿ ಈ ಕಟ್ಟಡಕ್ಕೆ ತಂದಾಗ ಗಾಡಿಯಿಂದ ಬಿದ್ದಿತ್ತು ಅದು. ಹನ್ನೊಂದು ವರ್ಷ ಆಯ್ತು. ಆಗ ಯಾರೋ ಒಬ್ಬ ಬಂದು ಏನೋ ಮಾಡಿದ್ದ. ಓಡ್ತಲ್ಲ ಅಂತ ಸುಮ್ಮನಾದ್ವಿ."

"ಓಡೋದೇನೋ ಓಡತ್ತೆ. ಬ್ಲೇಡು ಓರೆ ನಿಂತಿದೆಯಲ್ಲ. ಈ ಅಮ್ಮನ ಕೈ ಅದರ ಓರೆಗೆ ಸರಿಯಾಗಿ ತಾನೇ ಓರೆಯಾಗಿ ತಳ್ಳೋದು ಕಲ್ತುಬಿಟ್ಟಿದೆ. ಅವರಿಗೂ ಗೊತ್ತಿಲ್ಲ, ಕೈಗೂ ಗೊತ್ತಿಲ್ಲ." ಅವನು ನಕ್ಕ; ಅದರಲ್ಲಿ ಮೆಚ್ಚುಗೆಯೇ ಇತ್ತು. "ಆದರೆ ಹೊಸಬರನ್ನ ಇದರ ಮುಂದೆ ಕೂರಿಸಿದ್ರೆ ಏಳು ಜನ್ಮ ಎತ್ತಿದ್ರೂ ಕಲಿಯಲ್ಲ."

ಗೆರೆಯಮ್ಮ ಮೆಷಿನ್ನಿನ ತಟ್ಟೆಯ ಅಂಚನ್ನು ಹಿಡಿದುಕೊಂಡಳು.

ಬೇರೆ ಯಾರನ್ನೂ ಕೂರಿಸಿಲ್ಲ ಎಂದದ್ದು ಸುಳ್ಳು. ಒಬ್ಬಳನ್ನು ಕೂರಿಸಿದ್ದಳು. ಒಂಬತ್ತು ವರ್ಷದ ಹಿಂದೆ ಮಗಳಿಗೆ ಹತ್ತೊಂಬತ್ತು ತುಂಬಿತ್ತು. ಪೆನ್ಸಿಲ್ ಹಿಡಿದರೆ ಗೋಡೆ, ನೆಲ, ಕ್ಯಾಲೆಂಡರಿನ ಬೆನ್ನು ಏನನ್ನೂ ಬಿಡುತ್ತಿರಲಿಲ್ಲ. ಅಮ್ಮನ ಕೆಲಸವೇ ಬೇಕು ಎಂದು ಹಟ ಹಿಡಿದು ಬಂದಿದ್ದಳು. ಉದ್ದಣ್ಣ ತನ್ನ ಮೆಷಿನ್ ಬಿಟ್ಟುಕೊಡಲು ತಯಾರಿದ್ದ. ಮೂಲೆಯಲ್ಲಿ ಇನ್ನೊಂದು ಖಾಲಿಯೂ ಇತ್ತು. ಆದರೆ ಹೆತ್ತವಳಿಗೆ ಮನಸ್ಸು ಒಪ್ಪಲಿಲ್ಲ. ತನ್ನಲ್ಲಿ ಇದ್ದುದರಲ್ಲಿ ಅತ್ಯಂತ ಒಳ್ಳೆಯದನ್ನೇ ಕೊಡಬೇಕೆಂದು ತನ್ನ ಮೆಷಿನ್ನಿನ ಮುಂದೆ ಕೂರಿಸಿ, ತಾನು ಖಾಲಿ ಮೆಷಿನ್‌ಗೆ ಹೋಗದೆ, ಮಗಳ ಬೆನ್ನ ಹಿಂದೆ ನಿಂತು ಕಲಿಸಿದಳು. ಆರು ತಿಂಗಳು. ದಿನಾ ಸಂಜೆ ಸೊಟ್ಟ ತುಂಡುಗಳ ಬುಟ್ಟಿ ತುಂಬುತ್ತಿತ್ತು. ದಿನಾ ತಾನು ಕೂತು ಒಂದು ಕೊಯ್ದು ತೋರಿಸಿದರೆ ಅದು ಟಪ್ಪನೆ ಕೂರುತ್ತಿತ್ತು.

"ಅಮ್ಮ, ಬ್ಲೇಡು ಬಲಕ್ಕೆ ಎಳೀತಿದೆ."

"ಮೆಷಿನ್ ಮೇಲೆ ಗೂಬೆ ಕೂರಿಸಬೇಡ. ನನ್ನ ಕೈಯಲ್ಲಿ ಎಳೆಯಲ್ವಲ್ಲ?"

ಬೈದಿರಲಿಲ್ಲ. ಅದೊಂದು ಸಮಾಧಾನ ಇಷ್ಟು ದಿನ ಇತ್ತು. ಕೊನೆಯ ದಿನ ಮಗಳ ತಲೆ ಸವರಿ, ಬಹಳ ಮೃದುವಾಗಿ, "ಎಲ್ಲರಿಗೂ ಎಲ್ಲಾ ಬರಲ್ಲ ಪುಟ್ಟಿ. ನಿನ್ನ ಕೈಯಲ್ಲಿ ಗೆರೆ ನಿಲ್ಲಲ್ಲ, ಅದಕ್ಕೆ ನೀನೇನು ಮಾಡ್ತೀಯ?" ಎಂದಿದ್ದಳು. ಬೈದಿದ್ದರೆ ಹುಡುಗಿ ಜಗಳವಾಡುತ್ತಿದ್ದಳೇನೋ.

ಈಗ ನೆನಪಾಯಿತು: ಮೆಷಿನ್ ಬಿದ್ದ ಮೇಲೆ ತನಗೂ ಒಂದು ವಾರ ಕೆಲಸ ಕೆಟ್ಟಿತ್ತು. ಹೊಸ ಕಟ್ಟಡದಲ್ಲಿ ಬೆಳಕು ಕಡಿಮೆ ಎಂದುಕೊಂಡಿದ್ದಳು. ಆಮೇಲೆ ಸರಿಹೋಗಿತ್ತು, ಮರೆತೂಹೋಗಿತ್ತು.

"ಹಾಗಾದ್ರೆ ಎರಡೇ ಒಯ್ತೀವಿ," ಎನ್ನುತ್ತಿದ್ದರು ಟೀಚರು.

"ಛೇ, ಮೂರು ಅಂತ ಮಾತು ಕೊಟ್ಟಿದ್ದೀನಿ," ಎಂದರು ಯಜಮಾನರು. "ಇರ್ಲಿ ಇಟ್ಕೊಳಿ. ಓಡತ್ತಲ್ಲ. ಕಲಿಯೋ ಮಕ್ಕಳಿಗೆ ಸಾಕು."

"ಕಲಿಯೋ ಮಕ್ಕಳಿಗೇ ಬೇಡ!"

ಅಂಗಡಿಯಲ್ಲಿ ಗೆರೆಯಮ್ಮನ ದನಿ ಅಷ್ಟು ಏರಿದ್ದನ್ನು ಯಾರೂ ಕೇಳಿರಲಿಲ್ಲ. ಅವಳು ಬಗ್ಗಿ ಬಿಗಿ ಸಡಿಲಿಸಿ ಬ್ಲೇಡನ್ನು ಕಿತ್ತು ಏಪ್ರನ್ ಜೇಬಿಗೆ ಹಾಕಿಕೊಂಡಳು. ಆ ಬ್ಲೇಡು ಪೆಟ್ಟಿಗೆಗಟ್ಟಲೆ ಸಿಗುವಂಥದ್ದು. ಅದರಿಂದ ಏನೂ ನಿಲ್ಲುವುದಿಲ್ಲವೆಂದು ಅವಳಿಗೂ ಗೊತ್ತಿತ್ತು.

"ನಾನು ಒಳಗಿಂದೆಲ್ಲ ಹೊಸದು ಹಾಕ್ತೀನಮ್ಮ," ಎಂದ ಮೆಕ್ಯಾನಿಕ್ ಮೆತ್ತಗೆ. "ನೆಟ್ಟಗಾಗೋ ತನಕ ಒಂದು ಮಗೂನೂ ಕೂರಿಸಲ್ಲ. ನನ್ನ ಮಾತು."

ಅವಳು ಯಜಮಾನರಿಗೆ ಹೇಳಿ ಬೇಗ ಹೊರಟಳು. ಮಗಳು ಕೆಲಸ ಮಾಡುವ ಔಷಧಿ ಅಂಗಡಿ ಮೂರು ಬೀದಿ ಆಚೆ, ಕ್ಷೌರದಂಗಡಿಗೂ ಪಾತ್ರೆ ಅಂಗಡಿಗೂ ನಡುವೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋದಳು. ಗಾಜಿನ ಕಟ್ಟೆಯ ಮುಂದೆ ಬಂದು ನಿಂತಳು.

"ಯಾಕಮ್ಮ ಈ ಹೊತ್ತಲ್ಲಿ? ಬಿಪಿ ಮಾತ್ರೆ ಮೊನ್ನೆ ತಾನೆ ಒಯ್ದೆ," ಎಂದಳು ಮಗಳು. "ಮೊಮ್ಮಗಳನ್ನ ನೋಡೋಕಾದ್ರೆ ಮನೆಗೆ ಹೋಗು. ಇಲ್ಲಿ ಬರೋರೆಲ್ಲ ಕೆಮ್ಮೋರು."

"ನನ್ನ ಮೆಷಿನ್ ಸೊಟ್ಟ ಇತ್ತಂತೆ ಪುಟ್ಟಿ."

"ಯಾವುದು, ಹಳೇದಾ? ಯಾವಾಗಿಂದ?"

"ನೀನು ಬರೋಕೆ ಎರಡು ವರ್ಷ ಮುಂಚಿನಿಂದ. ಬಲಕ್ಕೆ ಎಳೀತಿತ್ತಂತೆ."

ಮಗಳ ಕೈ ತೆರೆದ ಡ್ರಾಯರಿನ ಮೇಲೆ ಹಾಗೇ ನಿಂತಿತು. ಮೇಲೆ ಫ್ಯಾನು ತಿರುಗುತ್ತಿತ್ತು. ಕಟ್ಟೆಯ ಮೇಲಿನ ರಸೀದಿಗಳ ತುದಿಗಳು ಎದ್ದು ಎದ್ದು ಮಲಗುತ್ತಿದ್ದವು.

"ನಾನು ಹೇಳಿದ್ದೆ," ಎಂದಳು.

"ಹೇಳಿದ್ದೆ."

"ಮೊದಮೊದಲು ದಿನಾ ಹೇಳ್ತಿದ್ದೆ. ಆಮೇಲೆ ನನಗೇ ಅನುಮಾನ ಬಂತು. ಆಮೇಲೆ ಅನುಮಾನಾನೂ ಹೋಯ್ತು." ಅವಳು ನಗಲು ನೋಡಿದಳು. "ಹೋಗ್ಲಿ ಬಿಡು. ಬೇಕು ಅಂತ ಮಾಡಿದ್ಯಾ?"

"ಮೂರನೇ ಹೊಸ ಮೆಷಿನ್‌ಗೆ ಜನ ಇಲ್ಲ. ಯಜಮಾನರು ಹುಡುಕ್ತಿದಾರೆ. ಒಂದ್ಸಲ ಬಾ. ಒಂದೇ ಒಂದು ಸಲ ಕೂತು ನೋಡು."

"ಬೇಡಮ್ಮ."

"ನಾನು ಹಿಂದೆ ನಿಂತ್ಕೊಳಲ್ಲ. ಆಚೆ ಹೋಗ್ತೀನಿ."

"ಅದಕ್ಕಲ್ಲ." ಮಗಳು ಡ್ರಾಯರ್ ಮುಚ್ಚಿದಳು. "ಆ ಕೆಲಸ ಸಿಗಲಿಲ್ಲ ಅಂತ ಈಗ ನನಗೆ ಬೇಜಾರಿಲ್ಲ. ಇದು ಚೆನ್ನಾಗಿದೆ, ಇವರೆಲ್ಲ ಒಳ್ಳೆಯವರು. ಆದರೆ ಮೊನ್ನೆ ಪಾಪುಗೆ ಶಾಲೇಲಿ ಕಾಗದದ ಚಿಟ್ಟೆ ಕತ್ತರಿಸ್ಕೊಂಡು ಬಾ ಅಂದಿದ್ರು. ನನ್ನ ಹತ್ರ ತಂದ್ಲು. 'ಅಪ್ಪನ ಹತ್ರ ಹೋಗು, ಅಮ್ಮನ ಕೈ ನೆಟ್ಟಗಿಲ್ಲ' ಅಂದುಬಿಟ್ಟೆ. ಯೋಚನೇನೂ ಮಾಡಲಿಲ್ಲ. ಹೆಸರು ಕೇಳಿದ್ರೆ ಹೆಸರು ಹೇಳ್ತೀವಲ್ಲ, ಹಾಗೆ. ಈಗ ಅವಳು ಬಂದವರಿಗೆಲ್ಲ ಅದನ್ನೇ ಹೇಳ್ತಾಳೆ, ನಮ್ಮಮ್ಮನ ಕೈ ನೆಟ್ಟಗಿಲ್ಲ ಅಂತ." ಅವಳು ಅಮ್ಮನ ಮುಖ ನೋಡಿದಳು. "ಒಂಬತ್ತು ವರ್ಷ ಅಮ್ಮ. ನೀನು ಇವತ್ತು ಬಂದು ನೆಟ್ಟಗಿದೆ ಅಂದ್ರೆ, ನನಗೆ ಗೊತ್ತಾಗತ್ತೆ. ಕೈಗೆ ಗೊತ್ತಾಗ್ಬೇಕಲ್ಲ."

ಅಷ್ಟರಲ್ಲಿ ಮಫ್ಲರ್ ಸುತ್ತಿಕೊಂಡ ಮುದುಕರೊಬ್ಬರು ಕಟ್ಟೆಯ ಮೇಲೆ ಚೀಟಿ ಇಟ್ಟರು. "ಪೂರ್ತಿ ಬೇಡ ತಾಯಿ. ನಾಲ್ಕೇ ನಾಲ್ಕು ಕೊಡು."

ಮಗಳು ಹತ್ತು ಮಾತ್ರೆಯ ಪಟ್ಟಿ ತೆಗೆದಳು, ಕತ್ತರಿ ಎತ್ತಿಕೊಂಡಳು, ಎರಡನ್ನೂ ಹಾಗೇ ಪಕ್ಕಕ್ಕೆ ಚಾಚಿದಳು. "ಅಣ್ಣ, ಇದೊಂಚೂರು ಕತ್ತರಿಸಿಕೊಡಿ."

ಪಕ್ಕದಲ್ಲಿ ಯಾರೂ ಇರಲಿಲ್ಲ. ಅವಳ ಜೊತೆಯವನು ಏಣಿಯ ಮೇಲೆ, ಎರಡು ಕೈಯಲ್ಲೂ ಟಾನಿಕ್ಕಿನ ಬಾಟಲಿ ಹಿಡಿದು ನಿಂತಿದ್ದ. "ಈಗ ಹೆಂಗೆ ಇಳೀಲಿ ಮೇಡಂ? ನೀವೇ ಕತ್ತರಿಸ್ರಿ, ಮಾತ್ರೆ ತಾನೆ," ಎಂದ.

ಮುದುಕರು ಕೆಮ್ಮಿದರು. ಮಗಳು ಪಟ್ಟಿಯನ್ನು ಕಣ್ಣಿನ ಹತ್ತಿರ ತಂದು, ಎರಡನೆಯ ಸಾಲಿನ ಕೆಳಗೆ ಕತ್ತರಿಯ ಬಾಯಿ ಇಟ್ಟಳು. ತೆಗೆದಳು. ಮತ್ತೆ ಇಟ್ಟಳು. ನಾಲಿಗೆಯ ತುದಿ ತುಟಿಯಿಂದ ಸ್ವಲ್ಪ ಹೊರಗೆ ಬಂದಿತ್ತು. ಬೆಳ್ಳಿ ಹಾಳೆ ಕರಕರ ಸದ್ದು ಮಾಡಿತು. ಕತ್ತರಿ ಈ ಅಂಚಿನಿಂದ ಆ ಅಂಚಿಗೆ, ಮಾತ್ರೆಗಳ ನಡುವಿನ ಸಣ್ಣ ಓಣಿಯ ಸರಿಮಧ್ಯದಲ್ಲಿ, ಎಲ್ಲೂ ನಿಲ್ಲದೆ ನೆಟ್ಟಗೆ ಹೋಯಿತು.

ಗೆರೆಯಮ್ಮ ಅದನ್ನು ನೋಡಿದಳು. ಮಗಳು ನೋಡಲಿಲ್ಲ. ನಾಲ್ಕು ಮಾತ್ರೆಯನ್ನು ಕವರಿಗೆ ಹಾಕಿ, ಬಾಯಿ ಮಡಚಿ, "ಊಟ ಆದಮೇಲೆ ತಗೊಳಿ ತಾತ," ಎಂದು ಮುಂದಕ್ಕೆ ಸರಿಸಿದಳು.